ಆಡುವವರ ತಿದ್ದುಪಡಿ

ಕಟ್ಟುವ ಆಟಗಳ ಲೋಕದಲ್ಲಿ ಒಂದು ಜಗಳ ಶುರುವಾಗಿ ಹತ್ತಾರು ವರ್ಷವಾದರೂ ಮುಗಿದಿಲ್ಲ. ಮೈನ್‌ಕ್ರಾಫ್ಟ್‌ ಎಂಬ ಕಂಪ್ಯೂಟರ್‌ ಆಟವನ್ನು ಮಾಡುವ ಕಂಪನಿ ಆಗಾಗ ಅಪ್‌ಡೇಟ್‌ ಕಳಿಸುತ್ತದೆ. ಆಡುವವರು ತಮಗೆ ಬೇಕಾದ ಪ್ರಾಣಿ, ಯಂತ್ರ, ಕಲ್ಲು, ಕಟ್ಟಳೆಗಳನ್ನು ತಾವೇ ಬರೆದು ಆಟಕ್ಕೆ ಸೇರಿಸಿಕೊಳ್ಳುತ್ತಾರೆ. ಅವಕ್ಕೆ ಮಾಡ್‌ ಎಂದು ಹೆಸರು. ಅಪ್‌ಡೇಟ್‌ ಬಂದ ದಿನ ಹಳೆಯ ಮಾಡ್‌ಗಳು ಕೈಕೊಡುತ್ತವೆ, ತಿಂಗಳುಗಟ್ಟಲೆ ಕಟ್ಟಿದ್ದು ಅಸ್ತವ್ಯಸ್ತವಾಗುತ್ತದೆ, ಆಟ ಯಾರದು ಎಂಬ ಮಾತು ಏಳುತ್ತದೆ. ಇದನ್ನು ಮಕ್ಕಳ ಹಟವೆಂದು ತಳ್ಳಿಹಾಕುವ ಹಿರಿಯರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಆಟದ ಕಟ್ಟಳೆಯನ್ನು ಆಡುವವರೇ ತಿದ್ದಿಕೊಳ್ಳುವುದು ನಮ್ಮಲ್ಲಿ ಬಹಳ ಹಳೆಯ ರೂಢಿ. ಮೇಲಿನಿಂದ ಬಂದ ತಿದ್ದುಪಡಿ ನಿಂತದ್ದು ಆಡುವವರು ಒಪ್ಪಿದಾಗ ಮಾತ್ರ. ಹಳೆಯದನ್ನು ಕಿತ್ತುಕೊಳ್ಳದೆ ಹೊಸದನ್ನು ಪಕ್ಕಕ್ಕಿಟ್ಟ ತಿದ್ದುಪಡಿಯಿಂದ ಯಾರಿಗೂ ನಷ್ಟವಾಗಲಿಲ್ಲ. ಕರ್ನಾಟಕದ ಆಟಗಳ ಚರಿತ್ರೆ ಈ ಮಾತಿಗೆ ಸಾಕ್ಷಿ ಕೊಡುತ್ತದೆ.

ಚೌಕಾಬಾರವನ್ನೇ ನೋಡಿ. ಜಗಲಿಯ ಮೇಲೆ ಬಳಪದಲ್ಲಿ ಗೆರೆ ಎಳೆದರೆ ಮಣೆ ಸಿದ್ಧ, ಕವಡೆ ಇಲ್ಲದಿದ್ದರೆ ತೇಯ್ದ ಹುಣಸೆ ಬೀಜ ಸಾಕು. ಕೆಲವು ಮನೆಗಳಲ್ಲಿ ಐದೈದು ಚೌಕ, ಕೆಲವು ಕಡೆ ಏಳೇಳು. ಎದುರಾಳಿಯ ಕಾಯಿಯೊಂದನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗಕೂಡದು ಎನ್ನುವ ಮನೆಯ ಪಕ್ಕದಲ್ಲೇ ಆ ಕಟ್ಟುಪಾಡನ್ನು ಬಿಟ್ಟ ಮನೆ ಇರುತ್ತದೆ. ಎರಡು ಕಾಯಿ ಒಂದೇ ಮನೆಯಲ್ಲಿ ಗಟ್ಟಿಯಾದರೆ ಅದನ್ನು ದಾಟಬಹುದೇ ಎಂಬುದಕ್ಕೆ ಊರಿಗೊಂದು ಉತ್ತರ. ಅಳಿಗುಳಿ ಮಣೆಯ ಹದಿನಾಲ್ಕು ಕುಳಿಗೆ ನಾಲ್ಕು ಬೀಜ ಹಾಕಿ ಶುರು ಮಾಡುವವರಿದ್ದಾರೆ, ಐದು ಹಾಕುವವರೂ ಇದ್ದಾರೆ. ಹುಲಿ ಆಟದಲ್ಲಿ ಮೂರು ಹುಲಿಯ ಮಣೆಯೂ ಉಂಟು, ನಾಲ್ಕು ಹುಲಿಯದೂ ಉಂಟು. ಹಂಪಿಯ ಮಂಟಪಗಳ ನೆಲಹಾಸಿನಲ್ಲಿ ಕೊರೆದ ಮಣೆಗಳು ಇಂದಿಗೂ ಕಾಣುತ್ತವೆ. ಕೊರೆದವರು ಯಾರೆಂದು ಯಾವ ಶಾಸನವೂ ಹೇಳುವುದಿಲ್ಲ. ಈ ಆಟಗಳಿಗೆ ಒಡೆಯನೆಂಬವನಿರಲಿಲ್ಲ. ಆಡಲು ಕುಳಿತವರು ಮೊದಲ ಕವಡೆ ಹಾಕುವ ಮುನ್ನ ‘ನಿಮ್ಮ ಮನೆಯಲ್ಲಿ ಹೇಗೆ?’ ಎಂದು ಕೇಳಿ ಒಪ್ಪಂದಕ್ಕೆ ಬರುತ್ತಿದ್ದರು. ಆ ಒಪ್ಪಂದವೇ ಆಟದ ಕಾನೂನು.

ಒಡೆಯರೇ ತಿದ್ದಲು ಕೈಹಾಕಿದಾಗ ಏನಾಯಿತು ಎಂಬುದಕ್ಕೆ ಗಂಜೀಫಾ ಎಂಬ ಇಸ್ಪೀಟಿನಂಥ ಎಲೆಯಾಟದ ಕಥೆ ಒಳ್ಳೆಯ ಪಾಠ. 1527ರಲ್ಲಿ ಬಾಬರ್‌ ಸಿಂಧ್‌ನ ಒಬ್ಬ ಮಿತ್ರನಿಗೆ ಗಂಜೀಫಾ ಎಲೆಗಳನ್ನು ಕಳಿಸಿದ್ದನ್ನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಅವನ ಮೊಮ್ಮಗ ಅಕ್ಬರ್‌ ಹನ್ನೆರಡು ರಂಗಿನ ಎಲೆಗಳಿಗೆ ತನ್ನದೇ ಬದಲಾವಣೆಗಳನ್ನು ತಂದನೆಂದು ಅಬುಲ್‌ ಫಜಲ್‌ ಐನ್‌-ಇ-ಅಕ್ಬರಿಯಲ್ಲಿ ದಾಖಲಿಸಿದ. ಆದರೆ ಜನರ ಕೈಯಲ್ಲಿ ಹೆಚ್ಚು ಓಡಾಡಿದ್ದು ಎಂಟು ರಂಗು, 96 ಎಲೆಗಳ ಆಟ. ಇನ್ನೊಂದು ಬದಲಾವಣೆ ಬೇರೆ ದಾರಿಯಲ್ಲಿ ಬಂತು. ಪಾರಸಿ ರಂಗುಗಳ ಜಾಗದಲ್ಲಿ ಮತ್ಸ್ಯ, ಕೂರ್ಮ, ವರಾಹ ಮುಂತಾದ ಹತ್ತು ಅವತಾರಗಳು ಕುಳಿತವು, ಎಲೆಗಳು 120 ಆದವು, ಹಗಲಿನ ಆಟಕ್ಕೆ ರಾಮ, ರಾತ್ರಿಯದಕ್ಕೆ ಕೃಷ್ಣ ಮುಂದಾಳಾದರು. ಈ ದಶಾವತಾರ ಗಂಜೀಫಾ ಬಂಗಾಳದ ಬಿಷ್ಣುಪುರ, ಒಡಿಶಾ, ಸಾವಂತವಾಡಿ, ಮೈಸೂರು, ಹೀಗೆ ಬೇರೆ ಬೇರೆ ಅರಸರ ನಾಡುಗಳಲ್ಲಿ ಬೇರೂರಿತು. ಒಬ್ಬ ಅರಸನ ಅಪ್ಪಣೆ ಅಷ್ಟು ದೂರ ಓಡಲಾರದು. ಬರೆಯುವ ಚಿತ್ರಗಾರರೂ ಆಡುವ ಮನೆಗಳೂ ಸೇರಿ ಹರಡಿದ ತಿದ್ದುಪಡಿ ಅದು, ಇಂದಿನ ಮಾತಿನಲ್ಲಿ ಹೇಳುವುದಾದರೆ ಮಾಡ್‌.

ಗಂಜೀಫಾದ ಈ ಕಥೆಗೆ ಮೈಸೂರಿನ ಅರಸರ ಮೂಲಕ ದಾವಣಗೆರೆಯ ಪಿ.ಜೆ. ಬಡಾವಣೆಯ ಹೆಸರೂ ಬಂದು ಸೇರುತ್ತದೆ. ಅದು ಪ್ರಿನ್ಸ್‌ ಜಯಚಾಮರಾಜ ಒಡೆಯರ್ ಹೆಸರಿನ ಬಡಾವಣೆ. 1940ರಲ್ಲಿ ಪಟ್ಟವೇರಿದ ಆ ರಾಜಕುಮಾರರಿಗೆ ವಂಶಾವಳಿಯ ಲೆಕ್ಕದಲ್ಲಿ ಮುತ್ತಾತನಾಗುವವರು ಮುಮ್ಮಡಿ ಕೃಷ್ಣರಾಜ ಒಡೆಯರು, ಬಹುಶಃ ಕನ್ನಡ ನಾಡು ಕಂಡ ಅತಿ ದೊಡ್ಡ ಆಟಗಾರ ಅರಸರು. 1799ರಲ್ಲಿ ಬಾಲಕನಾಗಿದ್ದಾಗಲೇ ಸಿಂಹಾಸನಕ್ಕೆ ಬಂದ ಅವರಿಂದ 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗಿನ ಆ ದೀರ್ಘ ಕಾಲವನ್ನು ಅವರು ಸಾಹಿತ್ಯ, ಚಿತ್ರ, ಆಟಗಳಿಗೆ ಕೊಟ್ಟರು. ಅವರ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯಲ್ಲಿ ಆಟಗಳಿಗೆ ಜಾಗ ಸಿಕ್ಕಿತು. ಚದುರಂಗದ ಕುದುರೆ ಅರವತ್ತನಾಲ್ಕೂ ಮನೆಗಳನ್ನು ಒಂದೊಂದೇ ಸಲ ಮುಟ್ಟಿ ಬರುವ ನಡೆಗಳನ್ನು ಅವರು ರಚಿಸಿದರು. ಗಂಜೀಫಾದಲ್ಲಂತೂ ಛದ ಎಂಬ ಹೆಸರಿನ ಹದಿಮೂರು ಹೊಸ ಆಟಗಳು ಬಂದವು: ಚಿಕ್ಕದಕ್ಕೆ 36 ಎಲೆ, ದೊಡ್ಡದಕ್ಕೆ 360. ಚಾಮುಂಡೇಶ್ವರಿ ಛದಕ್ಕೇ 320 ಎಲೆ ಬೇಕು. ದೇವಿಯರು, ಗ್ರಹಗಳು, ಪಾಂಡವರು ಒಂದೊಂದು ರಂಗಾದರು.

ಇಷ್ಟೆಲ್ಲ ಚೆಲುವಿದ್ದರೂ ಛದಗಳು ಅರಮನೆಯ ಹೊರಗೆ ವ್ಯಾಪಿಸಲಿಲ್ಲ. ಎಲೆಗಳು ಹೆಚ್ಚು, ಕಟ್ಟಳೆ ಕಠಿಣ, ಬರೆಸಲು ಖರ್ಚು. ಹೊರಗಿನವರು ದಶಾವತಾರವನ್ನೇ ಆಡುತ್ತಿದ್ದರು. ಗಂಜೀಫಾ ರಘುಪತಿ ಭಟ್ಟರಂಥ ಕಲಾವಿದರಿಂದ ಮೈಸೂರು ಗಂಜೀಫಾ ನಮ್ಮ ಕಾಲದಲ್ಲಿ ಮತ್ತೆ ಜೀವ ಪಡೆದದ್ದು ಚಿತ್ರಕಲೆಯಾಗಿ. ಇದನ್ನು ಮುಮ್ಮಡಿಯವರ ಸೋಲೆಂದು ಕರೆಯಲು ನನಗೆ ಮನಸ್ಸಿಲ್ಲ. ಅವರು ಮಾಡಿದ್ದರಲ್ಲಿ ಒಂದು ದೊಡ್ಡತನವಿದೆ: ಹದಿಮೂರು ಹೊಸ ಆಟ ಕೊಟ್ಟರು, ಹಳೆಯ ಒಂದನ್ನೂ ತೆಗೆದುಹಾಕಲಿಲ್ಲ. ಹೊಸದು ರುಚಿಸದವನಿಗೆ ತನ್ನ 120 ಎಲೆ ಉಳಿದೇ ಇತ್ತು. ಅರಸನ ಅಪ್‌ಡೇಟ್‌ ಬೇಡವೆನ್ನುವ ಸ್ವಾತಂತ್ರ್ಯ ಆಡುವವನ ಕೈಯಲ್ಲೇ ಇತ್ತು. ಆ ಒಂದು ಸಂಗತಿಯೇ ಇಂದಿನ ಆಟಗಳಲ್ಲಿ ಕಾಣೆಯಾಗುತ್ತಿರುವುದು.

ಕಟ್ಟುವುದಕ್ಕೂ ಇದೇ ಮಾತು ಅನ್ವಯಿಸುತ್ತದೆಂದು ತೋರಿಸಲು ದಾವಣಗೆರೆಯಿಂದ ಹೆಚ್ಚು ದೂರ ಹೋಗಬೇಕಿಲ್ಲ. ತುಂಗಭದ್ರೆಯ ದಡದ ಹರಿಹರದಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಹರಿಹರೇಶ್ವರ ದೇವಾಲಯ ಕಟ್ಟಿಸಿದ. 1268ರಲ್ಲಿ ಮುಮ್ಮಡಿ ನರಸಿಂಹನ ದಂಡನಾಯಕ ಸೋಮ ಅದಕ್ಕೆ ಹೊಸ ಭಾಗಗಳನ್ನು ಸೇರಿಸಿದ. ಸೋಮನಾಥಪುರದ ಕೇಶವ ದೇವಾಲಯದಂಥ ಕೃತಿಯನ್ನು ಹತ್ತು ವರ್ಷ ಮೊದಲೇ, 1258ರಲ್ಲಿ, ಕಟ್ಟಿಸಿದವನು ಅವನು. ಹರಿಹರದಲ್ಲಿ ಹಳೆಯದನ್ನು ಕೆಡವಿ ತನ್ನ ಅಭಿರುಚಿಯದನ್ನೇ ಎಬ್ಬಿಸುವಷ್ಟು ಅಧಿಕಾರ ಅವನಿಗಿತ್ತು. ಪೋಲಾಳ್ವನ ಮಂಟಪವನ್ನು ಹಾಗೆಯೇ ಬಿಟ್ಟು ತನ್ನದನ್ನು ಸೇರಿಸಿದ್ದರಿಂದಲೇ, ಮೂಲೆಮೂಲೆಯಾಗಿ ಹೊರಚಾಚಿದ ಆ ತೆರೆದ ಮಂಟಪವೂ ಕಡೆದ ಕಂಬಗಳೂ ಇಂದು ನಮಗೆ ನೋಡಸಿಗುತ್ತವೆ. ಎಲ್ಲ ಸೇರ್ಪಡೆಯೂ ಮೂಲಕ್ಕೆ ಸಮನಾಗುವುದಿಲ್ಲ, ನಿಜ. ಗರ್ಭಗುಡಿಯ ಮೇಲಿನ ಹಳೆಯ ಶಿಖರ ಉಳಿದಿಲ್ಲ, ಆಮೇಲೆ ಬಂದದ್ದು ಇಟ್ಟಿಗೆ-ಗಾರೆಯದು. ಅದನ್ನು ಕಂಡು ಮೂಗು ಮುರಿಯುವ ಕಲಾವಿಮರ್ಶಕರಿರಬಹುದು. ಆದರೆ ಆ ಗಾರೆಯ ಶಿಖರ ಎಬ್ಬಿಸಿದವರು ಪೂಜೆ ನಿಲ್ಲಬಾರದೆಂದು ಕೈಯಲ್ಲಿದ್ದ ಸಾಮಗ್ರಿಯಲ್ಲಿ ಕಟ್ಟಿರಬೇಕು. ಬಳಸುವವರು ಮಾಡುವ ತಿದ್ದುಪಡಿಗೆ ಇಂಥ ಒರಟುತನ ಇದ್ದೇ ಇರುತ್ತದೆ, ಅದನ್ನು ನಾನು ಗೌರವಿಸುತ್ತೇನೆ.

ಇಷ್ಟು ಹಿನ್ನೆಲೆಯಲ್ಲಿ ಮೈನ್‌ಕ್ರಾಫ್ಟ್‌ನ ಚರಿತ್ರೆ ಓದಿದರೆ ಅದರ ಒಳ್ಳೆಯ ಅಧ್ಯಾಯಗಳು ಯಾವುವೆಂದು ತಾನಾಗಿ ತಿಳಿಯುತ್ತದೆ. ಸ್ವೀಡನ್ನಿನ ಮಾರ್ಕಸ್‌ ಪರ್ಸನ್‌ 2009ರ ಮೇ ತಿಂಗಳಲ್ಲಿ ಇನ್ನೂ ಅರೆಬರೆಯಾಗಿದ್ದ ಆಟವನ್ನು ಜನರ ಮುಂದಿಟ್ಟರು. ಪೂರ್ಣ ಆವೃತ್ತಿ ಬಂದದ್ದು 2011ರ ನವೆಂಬರ್‌ನಲ್ಲಿ. ಆ ನಡುವಿನ ಕಾಲದಲ್ಲೇ ಆಡುವವರು ಕೋಡ್‌ ಬಿಚ್ಚಿ ಓದಿ ಮಾಡ್‌ ಬರೆಯತೊಡಗಿದ್ದರು. ಇಟ್ಟಿಗೆಗಳನ್ನು ತಳ್ಳುವ ಪಿಸ್ಟನ್‌ ಮೊದಲು ಒಬ್ಬ ಆಟಗಾರನ ಮಾಡ್‌ ಆಗಿತ್ತು. 2011ರ ಜೂನ್‌ ಕೊನೆಯಲ್ಲಿ ಕಂಪನಿ ಅದನ್ನು ಆಟದೊಳಗೇ ತಂದಿತು. ಬಾಗಿಲು ತೆರೆಯುವ, ಬೆಳೆ ಕೊಯ್ಯುವ ಯಂತ್ರಗಳನ್ನು ಆಟದಲ್ಲಿ ಕಟ್ಟುವವರೆಲ್ಲ ಇಂದಿಗೂ ಪಿಸ್ಟನ್‌ ನೆಚ್ಚಿಕೊಂಡಿದ್ದಾರೆ. 2013ರ ಜುಲೈನಲ್ಲಿ ಬಂದ ಕುದುರೆಗಳ ಹಿಂದೆಯೂ ಇದೇ ಕಥೆ: ಮೋ ಕ್ರಿಯೇಚರ್ಸ್‌ ಎಂಬ ಮಾಡ್‌ ಬರೆದವರ ನೆರವಿನಿಂದಲೇ ಅವು ಆಟಕ್ಕೆ ಬಂದವು. ಕಂಪ್ಯೂಟರಿನಲ್ಲಿ ಆಡುವ ಜಾವಾ ಆವೃತ್ತಿಯ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇರುವುದೂ ಅನುವಾದಕ್ಕೆ ಕೈಜೋಡಿಸಿದ ಸ್ವಯಂಸೇವಕರಿಂದ. ಮೈಕ್ರೋಸಾಫ್ಟ್‌ 2014ರಲ್ಲಿ 250 ಕೋಟಿ ಡಾಲರ್‌ಗೆ ಕೊಂಡ ಆಟ 2023ರ ಹೊತ್ತಿಗೆ 30 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಯಿತು. ಅದರ ಬೆಲೆಯಲ್ಲಿ ಸಂಬಳವಿಲ್ಲದೆ ದುಡಿದ ಆಟಗಾರರ ಪಾಲೂ ಇದೆ.

ಇದಕ್ಕೆ ಎದುರಾಗಿ 2016ರ ಫೆಬ್ರುವರಿ 29ರ 1.9 ಆವೃತ್ತಿಯನ್ನು ಇಡಬಹುದು. ಕಾಳಗದ ಪದ್ಧತಿಯನ್ನೇ ಅದು ಬದಲಿಸಿತು. ಕತ್ತಿ ಒಮ್ಮೆ ಬೀಸಿದ ಮೇಲೆ ಮತ್ತೆ ಪೂರ್ತಿ ಬಲ ಬರುವವರೆಗೆ ಕಾಯಬೇಕಾಯಿತು. ವರ್ಷಗಳಿಂದ ಬೆರಳಿಗೆ ಅಂಟಿದ್ದ ಕೌಶಲ ಕೆಲಸಕ್ಕೆ ಬಾರದಾಯಿತು. ಕಾಳಗವನ್ನೇ ನಂಬಿದ್ದ ಎಷ್ಟೋ ಸರ್ವರ್‌ಗಳು 1.8ರಲ್ಲೇ ಉಳಿದವು, ವರ್ಷಗಳ ಕಾಲ. ಹಳಬರ ಮೊಂಡುತನವೆಂದು ಆಗ ಕೆಲವರು ಬೈದರು. ನಾನು ಅದನ್ನು 320 ಎಲೆಗಳ ಛದ ಬೇಡವೆಂದು ದಶಾವತಾರಕ್ಕೆ ಅಂಟಿಕೊಂಡವರ ಜೊತೆ ಇಟ್ಟು ನೋಡುತ್ತೇನೆ. ಅವರು ಹಾಗೆ ಉಳಿಯಲು ಸಾಧ್ಯವಾದದ್ದು ಒಂದೇ ಕಾರಣಕ್ಕೆ: ಕಂಪ್ಯೂಟರಿನ ಜಾವಾ ಆವೃತ್ತಿಯಲ್ಲಿ ಹಳೆಯ ವರ್ಷನ್‌ ಆರಿಸಿಕೊಂಡು ಆಡುವ ಸೌಲಭ್ಯವನ್ನು ಕಂಪನಿ ಇಟ್ಟಿದೆ. ಈ ಶ್ರೇಯಸ್ಸನ್ನು ಅದಕ್ಕೆ ಕೊಡಲೇಬೇಕು. ಮಾಡ್‌ ಬರೆಯುವವರಿಗೆ ನೆರವಾಗಲೆಂದು 2019ರಲ್ಲಿ ಕೋಡಿನ ಮರೆಮಾಚಿದ ಹೆಸರುಗಳ ಪಟ್ಟಿಯನ್ನು ಪ್ರಕಟಿಸಿದ್ದೂ, ಆ ಮರೆಮಾಚುವಿಕೆಯನ್ನೇ ಕೈಬಿಡುವುದಾಗಿ 2025ರ ಅಕ್ಟೋಬರ್‌ನಲ್ಲಿ ಸಾರಿದ್ದೂ ಅದೇ ಕಂಪನಿ.

ಮಾಡ್‌ಗಳ ವಿರುದ್ಧ ಹೇಳುವ ಮಾತುಗಳಲ್ಲಿ ತೂಕವಿರುವುದು ಅಪಾಯದ್ದು. 2023ರ ಜೂನ್‌ನಲ್ಲಿ ಫ್ರಾಕ್ಚರೈಸರ್‌ ಎಂಬ ದುಷ್ಟ ತಂತ್ರಾಂಶ ಹೆಸರುವಾಸಿ ಮಾಡ್‌ಗಳೊಳಗೆ ನುಸುಳಿ ಆಡುವವರ ಪಾಸ್‌ವರ್ಡ್‌ಗಳನ್ನು ಕದಿಯಲು ಹೊಂಚಿತ್ತು. ಮಕ್ಕಳು ಕಂಡಕಂಡಲ್ಲಿಂದ ಕಡತ ಇಳಿಸಿಕೊಳ್ಳುವುದನ್ನು ತಾಯ್ತಂದೆಯರು ತಡೆದರೆ ಅದು ನ್ಯಾಯವೇ. ಆದರೆ ಆ ಕೇಡನ್ನು ಬಿಡಿಸಿ ನೋಡಿ, ಹೇಗೆ ಕೆಲಸ ಮಾಡುತ್ತದೆಂದು ವಿವರಿಸಿ, ಪತ್ತೆಹಚ್ಚುವ ಸಾಧನಗಳನ್ನು ಮಾಡಿ ಹಂಚಿದವರಲ್ಲಿ ಮಾಡ್‌ ಬರೆಯುವವರೇ ಮುಂದಿದ್ದರು. ಬೀಗ ಹಾಕಿದ ಆಟದಲ್ಲಿ ಅಷ್ಟು ಬೇಗ ಅದು ಆಗುತ್ತಿರಲಿಲ್ಲ. ಎರಡನೆಯ ಆಕ್ಷೇಪ ಒಡೆತನದ್ದು: ಮಾಡಿದವನ ಸೊತ್ತನ್ನು ಬೇರೆಯವರು ಏಕೆ ತಿದ್ದಬೇಕು? ಮಾಡಿದವನ ಹಕ್ಕನ್ನು ನಾನು ಅಲ್ಲಗಳೆಯುವುದಿಲ್ಲ, ಅದು ಎರಡೂ ಕಡೆಗಿರಬೇಕು ಅಷ್ಟೆ. ಸರ್ವರ್‌ಗಳ ಬೆನ್ನೆಲುಬಾಗಿದ್ದ ಬುಕಿಟ್‌ ಯೋಜನೆಯ ಮುಂದಾಳುಗಳನ್ನು ಕಂಪನಿ 2012ರಲ್ಲಿ ಕೆಲಸಕ್ಕೆ ಸೇರಿಸಿಕೊಂಡಿತು. 2014ರಲ್ಲಿ ಅದಕ್ಕೆ ಕೋಡ್‌ ಬರೆದವರೊಬ್ಬರು ತಮ್ಮ ಮುಕ್ತ ಪರವಾನಗಿಯ ಕೋಡನ್ನು ಕಂಪನಿಯ ಮುಚ್ಚಿದ ಕೋಡಿನೊಂದಿಗೆ ಹಂಚುವುದು ತಪ್ಪೆಂದು ಕಾನೂನಿನ ನೋಟಿಸ್‌ ಕೊಟ್ಟರು, ಹಂಚಿಕೆ ನಿಂತಿತು. ಬಿಟ್ಟಿ ದುಡಿಮೆಗೂ ಒಡೆತನವಿದೆ ಎಂಬುದನ್ನು ಆ ನೋಟಿಸ್‌ ಎಲ್ಲರಿಗೂ ಕಾಣುವಂತೆ ಮಾಡಿತು. ಮೊದಲಿನಿಂದ ತಾನೇ ಬರೆದ ಮಾಡ್‌ ಬರೆದವನದೇ ಎಂದು ಮೈನ್‌ಕ್ರಾಫ್ಟ್‌ನ ಬಳಕೆಯ ಕರಾರೂ ಒಪ್ಪುತ್ತದೆ. ಮನೆಗೊಂದು ಕಟ್ಟಳೆಯಾದರೆ ಎಲ್ಲರೂ ಕೂಡಿ ಆಡುವುದು ಹೇಗೆ ಎಂದು ಕೇಳುವವರಿಗೆ ಚೌಕಾಬಾರ ಆಗಲೇ ಉತ್ತರ ಕೊಟ್ಟಿದೆ: ಆಟಕ್ಕೆ ಮೊದಲು ಮಾತಾಡಿಕೊಳ್ಳುವುದು. ಸರ್ವರ್‌ಗಳು ತಮ್ಮ ವರ್ಷನ್‌, ಮಾಡ್‌ಗಳ ಪಟ್ಟಿ ಹಾಕುವುದು ಅದೇ ರೂಢಿಯ ಮುಂದುವರಿಕೆ.

ನನಗಿರುವ ಆತಂಕ ಬೇರೆ ಕಡೆಗಿದೆ. ಪಿ.ಜೆ. ಬಡಾವಣೆಯ ರಸ್ತೆಗಳೇ ಬಳಸುವವರ ಕೈಯಲ್ಲಿ ಬದಲಾಗಿವೆ. ವಾಸದ ಮನೆಗಳ ನಡುವೆ ದವಾಖಾನೆ, ಅಂಗಡಿಗಳು ಬಂದಿವೆ, ರಾಮ್‌ ಅಂಡ್‌ ಕೋ ವೃತ್ತದ ಸುತ್ತ ಸಂಜೆ ತಿಂಡಿಯ ಸಾಲು ನಿಲ್ಲುತ್ತದೆ. ಆದರೆ ಅಂಥ ಊರಿನ ಮಕ್ಕಳಲ್ಲಿ ಹೆಚ್ಚಿನವರ ಕೈಗೆ ಸಿಗುವುದು ಕಂಪ್ಯೂಟರ್‌ ಅಲ್ಲ, ಮೊಬೈಲು. ಮೊಬೈಲಿನ ಮೈನ್‌ಕ್ರಾಫ್ಟ್‌ ಬೇರೊಂದು ಆವೃತ್ತಿ. ಅದರಲ್ಲಿ ಹಳೆಯ ವರ್ಷನ್‌ ಆರಿಸಿಕೊಳ್ಳುವ ಸೌಲಭ್ಯವಿಲ್ಲ, ತಿದ್ದುಪಡಿಯೂ ಕಂಪನಿ ತೆರೆದಿಟ್ಟ ಬಾಗಿಲುಗಳಷ್ಟಕ್ಕೇ. 2017ರಿಂದ ಆಟದೊಳಗೇ ಒಂದು ಅಂಗಡಿ ಇದೆ, ಹೆಚ್ಚಿನ ಸೇರ್ಪಡೆಗಳನ್ನು ಅಲ್ಲಿ ದುಡ್ಡು ಕೊಟ್ಟು ಕೊಳ್ಳಬೇಕು. ತಿದ್ದಿಕೊಳ್ಳುವವನನ್ನು ಕೊಳ್ಳುವವನನ್ನಾಗಿ ಮಾಡುವ ಏರ್ಪಾಡು ಇದು. ದುಡ್ಡಿಲ್ಲದವರಿಗೆ ದಾರಿಯಿಲ್ಲವೆಂದಲ್ಲ. ಫಿನ್ಲೆಂಡಿನ ಪೆರ್ಟು ಅಹೋಲಾ 2010ರಲ್ಲಿ ಶುರುಮಾಡಿದ ಮೈನ್‌ಟೆಸ್ಟ್‌, 2024ರಿಂದ ಲುವಾಂಟಿ ಎಂಬ ಹೆಸರಿನದು, ಸಂಪೂರ್ಣ ಮುಕ್ತ ಕೋಡಿನ ವೇದಿಕೆ. ಆಂಡ್ರಾಯ್ಡ್‌ ಫೋನಿನಲ್ಲೂ ನಡೆಯುತ್ತದೆ, ಅದರ ಮೇಲೆ ಆಟಗಳನ್ನೇ ಆಡುವವರು ಬರೆದು ಹಂಚುತ್ತಾರೆ. 1951ರಿಂದ ಎಂಜಿನಿಯರಿಂಗ್‌ ಕಾಲೇಜು ಇರುವ ದಾವಣಗೆರೆಯಲ್ಲಿ, ಹರಿಹರೇಶ್ವರದ ಮಂಟಪವನ್ನು ಅಳತೆಗೆ ತಕ್ಕಂತೆ ಅದರಲ್ಲಿ ಕಟ್ಟಿ, ಕನ್ನಡದಲ್ಲೇ ಮಾಡ್‌ ಬರೆಯುವುದನ್ನು ಶಾಲೆಯ ಮಕ್ಕಳಿಗೆ ಹೇಳಿಕೊಡಬಲ್ಲ ವಿದ್ಯಾರ್ಥಿಗಳಿಗೆ ಕೊರತೆಯಿರಲಾರದು.

ಕಾನೂನೂ ಇತ್ತ ತಿರುಗಬೇಕಿದೆ. 2024ರ ಮಾರ್ಚ್‌ ಕೊನೆಗೆ ದಿ ಕ್ರೂ ಎಂಬ ಕಾರು ಓಟದ ಆಟದ ಸರ್ವರ್‌ಗಳನ್ನು ಅದರ ಕಂಪನಿ ಮುಚ್ಚಿದಾಗ, ದುಡ್ಡು ಕೊಟ್ಟು ಕೊಂಡವರಿಗೂ ಆಟ ತೆರೆಯದಾಯಿತು. ಅದರಿಂದ ಹುಟ್ಟಿದ ಚಳವಳಿಗೆ ಯುರೋಪ್‌ ಒಕ್ಕೂಟದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಮಾರಿದ ಆಟವನ್ನು ಆಡಲಾಗುವ ಸ್ಥಿತಿಯಲ್ಲಿ ಬಿಟ್ಟು ಹೋಗಿ ಎಂಬುದಷ್ಟೇ ಅವರ ಬೇಡಿಕೆ. ನಮ್ಮ ಸಂಸತ್ತು 2025ರ ಆಗಸ್ಟ್‌ನಲ್ಲಿ ಆನ್‌ಲೈನ್‌ ಆಟಗಳ ಕಾಯ್ದೆ ತಂದಿತು. ಅದರ ಗಮನ ಹೆಚ್ಚಾಗಿ ಹಣ ಹೂಡಿ ಆಡುವ ಆಟಗಳ ನಿಷೇಧದತ್ತ ಹೋಯಿತು. ಅದಕ್ಕೆ ತಕ್ಕ ಕಾರಣಗಳೂ ಇದ್ದವು. ಹಣ ಕೊಟ್ಟು ಕೊಂಡ ಆಟದ ಹಳೆಯ ಆವೃತ್ತಿ ಕೊಂಡವನ ಬಳಿ ಉಳಿಯಬೇಕು, ಮೊಬೈಲಿನಲ್ಲೂ ಅದನ್ನು ಆರಿಸಿಕೊಳ್ಳಲು ಬರಬೇಕು, ತನ್ನ ಪ್ರತಿಯನ್ನು ತನಗಾಗಿ ತಿದ್ದಿಕೊಳ್ಳುವುದು ಅಪರಾಧವಾಗಬಾರದು. ಈ ಮೂರು ಮಾತು ಆ ಕಾಯ್ದೆಯ ಮುಂದಿನ ತಿದ್ದುಪಡಿಯಲ್ಲಿ ಸೇರಬೇಕು.