ನೆಲವೋ ಬೀಜವೋ: ಭಂಗಿ, ಸಣಬು, ಪುಂಡಿಗಳ ಹೆಸರಿನ ಚರಿತ್ರೆ

ಪ್ರಾಚೀನ ಗ್ರಂಥಗಳಲ್ಲಿ ಬರುವ ಸಸ್ಯನಾಮಗಳನ್ನು ಗುರುತಿಸುವುದು ಮೇಲುನೋಟಕ್ಕೆ ಸುಲಭವೆನಿಸುವ, ಒಳಹೊಕ್ಕರೆ ಬಹಳ ತೊಡಕಿನ ಕೆಲಸ. ನಿಘಂಟಿನಲ್ಲಿ ಪದ ಸಿಗುತ್ತದೆ, ಪದದ ಎದುರು ಅರ್ಥವೂ ಇರುತ್ತದೆ. ಆದರೆ ಆ ಅರ್ಥ ಯಾವ ಕಾಲದ್ದು, ಯಾವ ನೆಲದ್ದು ಎಂಬುದನ್ನು ನಿಘಂಟು ಹೇಳುವುದಿಲ್ಲ. ಈ ಮಾತು ನನಗೆ ಮನದಟ್ಟಾದದ್ದು ಒಬ್ಬ ಎಂ.ಎ. ವಿದ್ಯಾರ್ಥಿಯ ಪ್ರಶ್ನೆಯಿಂದ. ಸಿಂದಗಿ ತಾಲೂಕಿನ ಆ ಹುಡುಗ ಕಿರುಪ್ರಬಂಧಕ್ಕಾಗಿ ಆಚಾರಾಂಗ ಸೂತ್ರದ ಅನುವಾದವನ್ನು ಓದುತ್ತಿದ್ದ. ಒಂದು ದಿನ ಬಂದು, “ಸರ್, ಜೈನ ಮುನಿಗಳು ಗಾಂಜಾದ ಬಟ್ಟೆ ಉಡತಿದ್ರೇನ್ರಿ?” ಎಂದು ಕೇಳಿದ. ನಾನು ನಕ್ಕೆ. ಆತ ನಗಲಿಲ್ಲ. “ಭಂಗಿ ಅಂದ್ರ ಗಾಂಜಾ ಅಂತ ಕ್ಲಾಸಿನ್ಯಾಗ ನೀವೇ ಹೇಳಿದ್ರಿ” ಎಂದ. ಹೌದು, ಯಾವುದೋ ಪಾಠದ ನಡುವೆ ನಾನು ಹಾಗೆಯೇ ಹೇಳಿದ್ದೆ. ಅವನ ಪ್ರಶ್ನೆ ನನ್ನ ಅಜಾಗರೂಕತೆಯಿಂದ ಹುಟ್ಟಿದ್ದಾಗಿತ್ತು. ಆ ತಪ್ಪನ್ನು ತಿದ್ದಿಕೊಳ್ಳುವ ಪ್ರಯತ್ನವೇ ಈ ಲೇಖನ.

ಶ್ವೇತಾಂಬರ ಪರಂಪರೆಯ ಆಗಮವಾದ ಆಚಾರಾಂಗದ ಎರಡನೆಯ ಶ್ರುತಸ್ಕಂಧದಲ್ಲಿ ಸಾಧುಗಳು ಸ್ವೀಕರಿಸಬಹುದಾದ ವಸ್ತ್ರಗಳ ಪಟ್ಟಿಯೊಂದಿದೆ. ಅಲ್ಲಿ ‘ಭಂಗಿಯ’ ಮತ್ತು ‘ಸಾಣಯ’ ಎಂಬ ಎರಡು ಹೆಸರುಗಳು ಬೇರೆಬೇರೆಯಾಗಿ ಬರುತ್ತವೆ. ಬೌದ್ಧರ ವಿನಯಪಿಟಕವೂ ಭಿಕ್ಷುಗಳಿಗೆ ಅನುಮತಿಸಿದ ಆರು ಬಗೆಯ ಚೀವರಗಳಲ್ಲಿ ‘ಸಾಣ’ ಮತ್ತು ‘ಭಂಗ’ಗಳನ್ನು ಪ್ರತ್ಯೇಕವಾಗಿಯೇ ಎಣಿಸುತ್ತದೆ. ಪಾಣಿನಿಯು ಹೊಲಗಳ ಹೆಸರುಗಳನ್ನು ಸಾಧಿಸುವ ಸೂತ್ರವೊಂದರಲ್ಲಿ ಎಳ್ಳು, ಉದ್ದುಗಳ ಸಾಲಿನಲ್ಲಿ ಭಂಗವನ್ನೂ ಸೇರಿಸಿದ್ದಾನೆ. ಎಂದರೆ ಎಳ್ಳಿನ ಹೊಲ, ಉದ್ದಿನ ಹೊಲ ಇದ್ದಂತೆ ಭಂಗದ ಹೊಲವೂ ಇತ್ತು. ಅದು ಕಾಡಿನಿಂದ ಕಿತ್ತು ತಂದ ಸೊಪ್ಪಲ್ಲ, ಬಿತ್ತಿ ಬೆಳೆದ ಬೆಳೆ. ಅಥರ್ವವೇದದ 11ನೆಯ ಕಾಂಡವು ಸೋಮವನ್ನು ಮುಂದಿಟ್ಟುಕೊಂಡು ಹೆಸರಿಸುವ ಸಸ್ಯಗಳಲ್ಲಿಯೂ ಭಂಗವಿದೆ. ಆದರೆ ಅಲ್ಲಿ ಅದು ಅಮಲಿನ ವಸ್ತು ಎಂಬುದಕ್ಕೆ ಸ್ಪಷ್ಟ ಸೂಚನೆಯಿಲ್ಲ.

ಈ ಆಧಾರಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಪ್ರಾಚೀನರಿಗೆ ಭಂಗವು ಮೊದಲು ನಾರಿನ ಗಿಡವಾಗಿಯೇ ಪರಿಚಿತವಾಗಿತ್ತು. ಅದು ಯಾವ ಗಿಡ ಎಂಬುದರಲ್ಲಿಯೂ ಒಮ್ಮತವಿರಲಿಲ್ಲ; ಆಗಮಗಳ ಟೀಕೆಗಳಲ್ಲಿ ಭಂಗವೆಂದರೆ ಅಗಸೆ ಎಂಬ ಅರ್ಥವೂ ಉಂಟು. ಸಣವನ್ನು ಇಂದು ನಾವು ಸಣಬು ಎನ್ನುವ, ಹಳದಿ ಹೂ ಬಿಡುವ ದ್ವಿದಳ ಸಸ್ಯವೆಂದು ಗುರುತಿಸುವುದು ರೂಢಿ. ಮನುಸ್ಮೃತಿಯು ಕ್ಷತ್ರಿಯನ ಯಜ್ಞೋಪವೀತಕ್ಕೆ ಹೇಳುವುದು ಈ ಸಣದ ನೂಲನ್ನೇ. ಇವೆಲ್ಲದರ ಜೊತೆಗೆ ಕನ್ನಡದಲ್ಲಿ ‘ಭಂಗಿ’ ಎಂದರೆ ರೀತಿ, ನಿಲುವು ಎಂಬ ಅರ್ಥವೂ ಇದೆ. ಸಪ್ತಭಂಗಿ ನ್ಯಾಯವನ್ನು ಓದುವಾಗ ಯಾರೂ ಎಡವಲಾರರು. ಆದರೆ ಹಸ್ತಪ್ರತಿಯ ತ್ರುಟಿತ ಸಾಲೊಂದರಲ್ಲಿ ಈ ಪದ ಒಂಟಿಯಾಗಿ ಸಿಕ್ಕರೆ ಎಡವಲು ಅವಕಾಶ ಬೇಕಾದಷ್ಟಿದೆ.

ಹಾಗಾದರೆ ಔಷಧಿಯಾಗಿ, ಮಾದಕವಾಗಿ ಈ ಸಸ್ಯ ಗ್ರಂಥಸ್ಥವಾದದ್ದು ಯಾವಾಗ? ಸಂಸ್ಕೃತ ವೈದ್ಯಗ್ರಂಥಗಳಲ್ಲಿ ಇದರ ನಿಸ್ಸಂದಿಗ್ಧ ಉಲ್ಲೇಖವು 11ನೆಯ ಶತಮಾನದ ಕೊನೆಯ ವಂಗಸೇನನಿಗಿಂತ ಹಿಂದಕ್ಕೆ ಹೋಗುವುದಿಲ್ಲ ಎಂಬುದು ವೈದ್ಯಕೀಯ ಇತಿಹಾಸಕಾರರ ಅಭಿಪ್ರಾಯ. ಅನಂತರದ ಆನಂದಕಂದವೆಂಬ ರಸಶಾಸ್ತ್ರ ಗ್ರಂಥದಲ್ಲಿ ‘ವಿಜಯಾ’ ಎಂಬ ಹೆಸರಿನಿಂದ ಇದರ ಕೃಷಿಯ ಕ್ರಮವೂ ಬರುತ್ತದೆ. ಸುಮಾರು 1300ರ ಶಾರ್ಙ್ಗಧರ ಸಂಹಿತೆಯು ಇದನ್ನು ಅಫೀಮಿನ ಜೊತೆಗೆ ಹೇಳುತ್ತದೆ. ಬಸವನ ಬಾಗೇವಾಡಿಯ ನೆಲದಿಂದ ಬಂದ ಬಸವಣ್ಣನವರ ಕಾಲ 12ನೆಯ ಶತಮಾನ. ಆ ಕಾಲದ ಶರಣರಿಗೆ ಗಾಂಜಾದ ಸೇವನೆಯನ್ನು ಸುಲಭವಾಗಿ ಆರೋಪಿಸುವ ಬರಹಗಳು ಈಚೆಗೆ ಕಾಣಿಸಿಕೊಳ್ಳುತ್ತಿವೆ. ಇವಕ್ಕೆ ಆಧಾರವಾಗಿ ಇಂದಿನ ಆಚರಣೆಗಳನ್ನು ತೋರಿಸುವುದುಂಟು. ಯಾದಗಿರಿ ಜಿಲ್ಲೆಯ ತಿಂಥಣಿಯ ಮೌನೇಶ್ವರ ಕ್ಷೇತ್ರದಲ್ಲಿ ಜಾತ್ರೆಯ ಸಮಯಕ್ಕೆ ಗಾಂಜಾವನ್ನು ಪ್ರಸಾದವಾಗಿ ಕೊಡುವ ಪದ್ಧತಿಯನ್ನು 2020ರಲ್ಲಿ ಪತ್ರಿಕೆಗಳು ವರದಿ ಮಾಡಿದ್ದವು. ಮುದ್ದೇಬಿಹಾಳದಿಂದ ಕೃಷ್ಣೆಯ ಗುಂಟ ಕೆಳಗೆ ಸಾಗಿದರೆ ಆ ಕ್ಷೇತ್ರ ದೂರವೇನಲ್ಲ. ಆ ಆಚರಣೆ ಇದೆ, ಅದಕ್ಕೆ ಅದರದೇ ಆದ ಶ್ರದ್ಧೆಯೂ ಇದೆ. ಆದರೆ ಇಂದಿನ ಆಚರಣೆ ಶತಮಾನಗಳ ಹಿಂದಿನ ವಚನಕ್ಕೆ ಟಿಪ್ಪಣಿಯಾಗಲಾರದು. ಕಾಲನಿರ್ದೇಶವುಳ್ಳ ಆಧಾರ ನಡುವೆ ಬೇಕು.

ಈಗ ಮುಖ್ಯ ಪ್ರಶ್ನೆಗೆ ಬರೋಣ. ನಾರು ಕೊಡುವ ಭಂಗ, ಅಮಲು ಕೊಡುವ ಭಂಗಿ ಎರಡೂ ಒಂದೇ ಗಿಡವಾಗಿದ್ದರೆ, ಒಂದು ಕಡೆ ಬಟ್ಟೆಯಾದದ್ದು ಇನ್ನೊಂದು ಕಡೆ ಮತ್ತೇಕಾಯಿತು? ಈ ವ್ಯತ್ಯಾಸವನ್ನು ದಖ್ಖನ್ನಿನ ಸಂದರ್ಭದಲ್ಲಿ ಕಣ್ಣಾರೆ ಕಂಡು ಬರೆದಿಟ್ಟವರಲ್ಲಿ ಪೋರ್ಚುಗೀಸ್ ವೈದ್ಯ ಗಾರ್ಸಿಯ ದ ಓರ್ತ ಪ್ರಮುಖ. 1510ರವರೆಗೆ ಬಿಜಾಪುರದ ಆದಿಲಶಾಹಿಗೆ ಸೇರಿದ್ದ ಗೋವೆಯಲ್ಲಿ ನೆಲೆಸಿದ್ದ ಆತ ತನ್ನ ಸಂವಾದರೂಪದ ಗ್ರಂಥವನ್ನು 1563ರಲ್ಲಿ ಪ್ರಕಟಿಸಿದ. ಅದರಲ್ಲಿ ಇಲ್ಲಿನ ‘ಬಾಂಗ್’ ಗಿಡವು ಪೋರ್ಚುಗಲ್ಲಿನ ನಾರಿನ ಗಿಡವನ್ನು ಹೋಲುತ್ತದೆ, ಆದರೆ ಅದೇ ಅಲ್ಲ, ಇದರ ಬೀಜ ಚಿಕ್ಕದು, ಕಾಂಡ ಕಟ್ಟಿಗೆಯಂಥದು, ಹಗ್ಗಕ್ಕೆ ಒದಗುವ ತೊಗಟೆ ಇದಕ್ಕಿಲ್ಲ ಎಂಬ ಅಭಿಪ್ರಾಯವಿದೆ. ಎರಡು ಹವಾಮಾನಗಳ ಗಿಡಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ ಕಣ್ಣು ಅದು. ಎರಡು ಶತಮಾನಗಳ ಬಳಿಕ ಯುರೋಪಿನ ಸಸ್ಯಶಾಸ್ತ್ರವೂ ಇಲ್ಲಿಗೇ ಬಂದು ನಿಂತಿತು. ಲಿನೇಯಸ್ 1753ರಲ್ಲಿ ‘ಕ್ಯಾನಬಿಸ್ ಸಟೈವಾ’ ಎಂದು ಒಂದೇ ಪ್ರಭೇದವನ್ನು ಹೆಸರಿಸಿದ್ದ. 1785ರಲ್ಲಿ ಲಮಾರ್ಕನು ಭಾರತದಿಂದ ಬಂದ ಮಾದರಿಗಳನ್ನು ನೋಡಿ, ಇದು ಬೇರೆಯೇ ಎಂದು ‘ಕ್ಯಾನಬಿಸ್ ಇಂಡಿಕಾ’ ಎಂಬ ಹೆಸರನ್ನು ಕೊಟ್ಟ.

ಬ್ರಿಟಿಷ್ ಸರ್ಕಾರ 1893ರಲ್ಲಿ ನೇಮಿಸಿದ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ ಈ ಚರ್ಚೆಯ ಇನ್ನೊಂದು ಘಟ್ಟ. ಮ್ಯಾಕ್‌ವರ್ತ್ ಯಂಗ್ ಅಧ್ಯಕ್ಷತೆಯ ಈ ಆಯೋಗ 1,100ಕ್ಕೂ ಹೆಚ್ಚು ಸಾಕ್ಷಿಗಳ ಹೇಳಿಕೆ ಪಡೆದು 1894ರಲ್ಲಿ ವರದಿ ಸಲ್ಲಿಸಿತು. ಸೇವನೆಯ ಪರಿಣಾಮಗಳನ್ನಷ್ಟೇ ಅಲ್ಲದೆ, ಗಿಡ ಬೆಳೆಯಲು ಬೇಕಾದ ಹವೆ, ಮಣ್ಣು, ಮಳೆ, ಎತ್ತರಗಳನ್ನು ಕುರಿತೂ ಆಯೋಗ ವಿಚಾರಿಸಿತ್ತು. ಅಂದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳು ಮುಂಬಯಿ ಪ್ರಾಂತದ ಬಿಜಾಪುರ ಜಿಲ್ಲೆಯ ತಾಲೂಕುಗಳು. ಆ ಪ್ರಾಂತದಲ್ಲಿ ಗಾಂಜಾ ಬೇಸಾಯಕ್ಕೆ ಹೆಸರಾಗಿದ್ದುದು ಅಹಮದನಗರ. ಬಂಗಾಳದಲ್ಲಿ ರಾಜಶಾಹಿಯ ನೌಗಾಂವ್. ಅದೇ ಹೊತ್ತಿನಲ್ಲಿ ಕಲ್ಕತ್ತದ ಸಸ್ಯಶಾಸ್ತ್ರಜ್ಞ ಡೇವಿಡ್ ಪ್ರೇನ್, ಭಾರತದ ಗಿಡವನ್ನು ಬೇರೆ ಪ್ರಭೇದವೆನ್ನಲು ಸಾಕಷ್ಟು ಆಧಾರವಿಲ್ಲ ಎಂಬ ನಿಲುವು ತಳೆದ. ತಂಪು ನಾಡಿನಲ್ಲಿ ನಾರು, ಬಿಸಿ ನಾಡಿನಲ್ಲಿ ಮತ್ತು, ಎಲ್ಲವೂ ನೆಲದ ಮಹಿಮೆ ಎಂಬುದು 19ನೆಯ ಶತಮಾನದಲ್ಲಿ ಹೆಚ್ಚು ಪ್ರಚಲಿತವಾಗಿದ್ದ ವಿವರಣೆ.

ಈ ವಿವರಣೆ ನಮ್ಮವರಿಗೂ ಹೊಸದಾಗಿರಲಿಲ್ಲ. ಚರಕಸಂಹಿತೆಯ ಕಲ್ಪಸ್ಥಾನವು ದೇಶವನ್ನು ಜಾಂಗಲ, ಅನೂಪ, ಸಾಧಾರಣ ಎಂದು ಮೂರಾಗಿ ವಿಂಗಡಿಸಿ, ಔಷಧಿಯ ವೀರ್ಯವನ್ನು ಅದು ಬೆಳೆದ ನೆಲದೊಡನೆ ಜೋಡಿಸುತ್ತದೆ. ಆದರೆ ನೆಲವೊಂದೇ ಎಲ್ಲವನ್ನೂ ನಿರ್ಧರಿಸುತ್ತದೆಯೇ ಎಂಬ ಸಂದೇಹವೂ ನಮ್ಮ ಪರಂಪರೆಯಲ್ಲಿ ಹಳೆಯದು. ಮನುಸ್ಮೃತಿಯ 9 ಮತ್ತು 10ನೆಯ ಅಧ್ಯಾಯಗಳಲ್ಲಿ ಬೀಜ ಮೇಲೋ ಕ್ಷೇತ್ರ ಮೇಲೋ ಎಂಬ ವಾದ ಬರುತ್ತದೆ. ಅಲ್ಲಿನ ಸಂದರ್ಭ ಮನುಷ್ಯ ಸಂತಾನದ್ದು. ಉಪಮೆ ಮಾತ್ರ ಒಕ್ಕಲುತನದ್ದು.

20ನೆಯ ಶತಮಾನದ ಪ್ರಯೋಗಗಳು ಈ ವಾದವನ್ನು ಹೊಲದಲ್ಲಿಯೇ ಪರೀಕ್ಷಿಸಿದವು. ಅರ್ನೆಸ್ಟ್ ಸ್ಮಾಲ್ ಮತ್ತು ಸಂಗಡಿಗರು ಜಗತ್ತಿನ ಹಲವು ಭಾಗಗಳಿಂದ ತರಿಸಿದ ಸುಮಾರು 350 ಮೂಲಗಳ ಬೀಜಗಳನ್ನು ಕೆನಡಾದ ಒಟ್ಟಾವದಲ್ಲಿ ಬೆಳೆದು, ಅವುಗಳ ರಾಸಾಯನಿಕ ಗುಣಗಳನ್ನು ಹೋಲಿಸಿ 1973ರಲ್ಲಿ ಪ್ರಕಟಿಸಿದರು. ನೆಲ ಒಂದೇ, ಹವೆ ಒಂದೇ. ಆದರೂ ನಾರಿನ ತಳಿಗಳೂ ಅಮಲಿನ ತಳಿಗಳೂ ಬಹುಮಟ್ಟಿಗೆ ತಂತಮ್ಮ ಸ್ವಭಾವವನ್ನು ಬಿಡಲಿಲ್ಲ. 1976ರಲ್ಲಿ ಸ್ಮಾಲ್ ಮತ್ತು ಕ್ರಾಂಕ್ವಿಸ್ಟ್ ಇವೆಲ್ಲವೂ ಒಂದೇ ಪ್ರಭೇದವೆಂದು ವಾದಿಸಿ, ಮತ್ತು ಬರಿಸುವ ಟಿಎಚ್‌ಸಿ ಅಂಶವು ಒಣತೂಕದಲ್ಲಿ ಶೇ. 0.3ಕ್ಕಿಂತ ಕಡಿಮೆಯೋ ಹೆಚ್ಚೋ ಎಂಬುದನ್ನು ಉಪಪ್ರಭೇದಗಳ ಗಡಿಯಾಗಿಟ್ಟರು. ಇಂದು ಹಲವು ದೇಶಗಳ ಕಾನೂನಿನಲ್ಲಿ ಕಾಣುವ ಅಂಕೆ ಅದೇ.

ಹಾಗೆಂದು ನೆಲ ಸೋತಿತೆನ್ನಲಾಗದು. ಈ ಗಿಡ ಹಗಲು ಕಿರಿದಾಗುತ್ತ ಬಂದಾಗ ಹೂ ಬಿಡುವಂಥದು. ಇಂಡಿಯ ಅಕ್ಷಾಂಶದಲ್ಲಿ ವರ್ಷದ ಅತಿ ದೀರ್ಘ ಹಗಲು ಸುಮಾರು 13 ಗಂಟೆ. ಒಟ್ಟಾವದಲ್ಲಿ 15 ಗಂಟೆಗೂ ಹೆಚ್ಚು. ಆದ್ದರಿಂದ ಉತ್ತರದ ನಾರಿನ ತಳಿ ದಕ್ಷಿಣಕ್ಕೆ ಬಂದರೆ ಬೇಗನೆ ಹೂ ಬಿಟ್ಟು ಗಿಡ್ಡಾಗಿ ಉಳಿಯುತ್ತದೆ, ಅದರ ನಾರು ಕೆಲಸಕ್ಕೆ ಬಾರದು. ದಕ್ಷಿಣದ ತಳಿ ಉತ್ತರಕ್ಕೆ ಹೋದರೆ ಎತ್ತರಕ್ಕೆ ಬೆಳೆಯುತ್ತದೆ, ಆದರೆ ಹಿಮ ಬೀಳುವ ಮೊದಲು ಬೀಜ ಕಟ್ಟಲು ತಡವಾಗುತ್ತದೆ. ಗುಣವನ್ನು ಮುಖ್ಯವಾಗಿ ಬೀಜ ಹೊತ್ತು ತರುತ್ತದೆ. ಯಾವ ಬೀಜ ಎಲ್ಲಿ ನೆಲೆಯೂರಬೇಕೆಂಬುದನ್ನು ನೆಲ ತೀರ್ಮಾನಿಸುತ್ತದೆ. ಓರ್ತನು ಕಂಡ ವ್ಯತ್ಯಾಸ ಸರಿಯಾಗಿತ್ತು, ಅದಕ್ಕೆ ಅನಂತರದವರು ಕೊಟ್ಟ ಕಾರಣ ಮಾತ್ರ ಅರ್ಧವಾಗಿತ್ತು.

ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ಆಯ್ದ ಮಾಲದಂಡಿ ಜೋಳ ಎರೆ ಭೂಮಿಯ ಹಿಂಗಾರಿಗೆ ಒಗ್ಗಿದಂತೆ ಮಸಾರಿಗೆ ಒಗ್ಗದು ಎಂಬುದು ಡೋಣಿ ಸಾಲಿನ ಒಕ್ಕಲಿಗನಿಗೆ ಗೊತ್ತು. 1933ರ ಸುಮಾರಿಗೆ ಆರಂಭವಾದ ಒಣಬೇಸಾಯ ಸಂಶೋಧನೆಯ ಯೋಜನೆಯು ಸೊಲ್ಲಾಪುರ, ಬಿಜಾಪುರ, ಹಗರಿ, ರಾಯಚೂರು, ರೋಹ್ಟಕ್ ಎಂಬ ಐದು ಕೇಂದ್ರಗಳನ್ನು ಆರಿಸಿಕೊಂಡದ್ದೂ ಒಂದು ಊರಿನ ಉತ್ತರ ಇನ್ನೊಂದು ಊರಿಗೆ ಸಲ್ಲದೆಂಬ ಕಾರಣಕ್ಕೇ.

ಇನ್ನು ಪುಂಡಿಯ ಮಾತು. ಈ ನಾಲ್ಕೂ ತಾಲೂಕುಗಳಲ್ಲಿ ಜೋಳದ ರೊಟ್ಟಿಗೆ ಪುಂಡಿ ಪಲ್ಯವಿಲ್ಲದ ಮನೆ ಅಪರೂಪ. ಅಕ್ಕಡಿ ಸಾಲಿನಲ್ಲಿ ಬೆಳೆದ ಪುಂಡಿಯ ಎಳೆಯ ಎಲೆ ಅಡುಗೆಗೆ. ಬಲಿತ ಕಾಂಡವನ್ನು ನೀರಿನಲ್ಲಿ ಕೊಳೆಯಿಸಿ ಬಿಡಿಸಿದ ನಾರು ಹಗ್ಗಕ್ಕೆ, ಎತ್ತಿನ ಕಣ್ಣಿಗೆ. ಇದು ದಾಸವಾಳದ ಕುಲದ್ದು. ಲಿನೇಯಸ್ 1759ರಲ್ಲಿ ಇದಕ್ಕೆ ಕೊಟ್ಟ ಹೆಸರು ‘ಹಿಬಿಸ್ಕಸ್ ಕ್ಯಾನಬಿನಸ್’, ಅಂದರೆ ಭಂಗಿಯಂಥ ದಾಸವಾಳ. ಬೆರಳು ಬಿಡಿಸಿಟ್ಟಂಥ ಇದರ ಎಲೆಯ ಹೋಲಿಕೆಯೇ ಹೆಸರಿಗೆ ಕಾರಣ. ಬ್ರಿಟಿಷರ ದಾಖಲೆಗಳು ಇದನ್ನು ‘ಡೆಕ್ಕನ್ ಹೆಂಪ್’ ಎಂದವು; ಸಣಬನ್ನು ‘ಸನ್ ಹೆಂಪ್’ ಎಂದವು; ಭಂಗಿಯಂತೂ ‘ಹೆಂಪ್’ ಆಗಿಯೇ ಇತ್ತು. ಸಸ್ಯಶಾಸ್ತ್ರದ ದೃಷ್ಟಿಯಿಂದ ಒಂದಕ್ಕೊಂದು ಸಂಬಂಧವಿಲ್ಲದ ಮೂರು ಕುಟುಂಬಗಳ ಗಿಡಗಳು ಇಂಗ್ಲಿಷಿನ ಒಂದೇ ಪದದ ಅಡಿಯಲ್ಲಿ ಸೇರಿಹೋದವು. ಆ ದಾಖಲೆಗಳನ್ನು ಕನ್ನಡಿಸುವಾಗ ‘ಹೆಂಪ್’ ಕಂಡಲ್ಲೆಲ್ಲ ‘ಗಾಂಜಾ’ ಎಂದು ಬರೆದರೆ ಜಿಲ್ಲೆಯ ಕೃಷಿ ಚರಿತ್ರೆಯೇ ತಲೆಕೆಳಗಾಗುತ್ತದೆ. ಪುಂಡಿ ಬೆಳೆದ ಅಜ್ಜ ಮೊಮ್ಮಗನ ಪ್ರಬಂಧದಲ್ಲಿ ಗಾಂಜಾ ಬೆಳೆದವನಾಗುತ್ತಾನೆ.

ಇದನ್ನು ಕೇವಲ ಅಡಿಟಿಪ್ಪಣಿಯ ವಿಷಯವೆಂದು ತಳ್ಳಿಹಾಕಲಾಗದು. 1985ರ ಮಾದಕ ದ್ರವ್ಯಗಳ ಕಾಯ್ದೆಯಂತೆ ಭಂಗಿ ಗಿಡವನ್ನು ಪರವಾನಗಿಯಿಲ್ಲದೆ ಬೆಳೆದರೆ 10 ವರ್ಷಗಳವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿಯವರೆಗೆ ದಂಡ. ಕಬ್ಬಿನ, ತೊಗರಿಯ ನಡುವೆ ಗಾಂಜಾ ಸಿಕ್ಕ ಸುದ್ದಿಗಳು ನಮ್ಮ ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ. ಅದೇ ಕಾಯ್ದೆ ಗಾಂಜಾ ಎಂದು ಕರೆಯುವುದು ಹೂ ಅಥವಾ ಕಾಯಿ ಬಿಟ್ಟ ತುದಿಗಳನ್ನು. ತುದಿಯಿಲ್ಲದ ಬರಿಯ ಎಲೆ ಮತ್ತು ಬೀಜಗಳು ಆ ವ್ಯಾಖ್ಯೆಗೆ ಸೇರುವುದಿಲ್ಲ. ನಾರಿಗಾಗಿ, ಬೀಜಕ್ಕಾಗಿ ಸರ್ಕಾರ ವಿಶೇಷ ಅನುಮತಿ ಕೊಡಲು 14ನೆಯ ಕಲಮಿನಲ್ಲಿ ಅವಕಾಶವೂ ಇದೆ. ಕಾನೂನು ಒಂದು ಗಿಡದ ಭಾಗಗಳನ್ನೂ ಬಳಕೆಗಳನ್ನೂ ಇಷ್ಟು ಸೂಕ್ಷ್ಮವಾಗಿ ಬೇರ್ಪಡಿಸುವಾಗ, ವಿದ್ವತ್ತು ಮೂರು ಗಿಡಗಳನ್ನು ಒಂದಾಗಿಸುವುದು ಸಲ್ಲದು.

ಆದ್ದರಿಂದ ಹಳೆಯ ಪಠ್ಯದಲ್ಲಿ ಭಂಗ, ಭಂಗಿ, ಸಣ, ವಿಜಯಾ ಮುಂತಾದ ಪದಗಳು ಎದುರಾದಾಗ ಸಂಶೋಧಕರು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು. ಪಠ್ಯ ಯಾವ ಕಾಲದ್ದು, ಯಾವ ಸೀಮೆಯದು? ಅಲ್ಲಿ ಗಿಡದ ಯಾವ ಭಾಗ ಬಳಕೆಯಾಗಿದೆ, ತೊಗಟೆಯೋ ಎಲೆಯೋ ಹೂವೋ? ಪದದ ನೆರೆಯಲ್ಲಿ ನಿಂತ ಇತರ ಪದಗಳು ಯಾವುವು, ನೂಲಿನವೋ ಮದ್ದಿನವೋ? 14ನೆಯ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣದಂಥ ವಿಷವೈದ್ಯ ಗ್ರಂಥದ ಸಸ್ಯನಾಮಗಳನ್ನು ಗುರುತಿಸುವಾಗಲೂ ಇದೇ ಎಚ್ಚರ ಬೇಕು. ಅಲ್ಲಿ ಹೆಸರೊಂದು ತಪ್ಪಿದರೆ ಮದ್ದು ವಿಷವಾಗಿ, ವಿಷ ಮದ್ದಾಗಿ ಓದಿಸಿಕೊಳ್ಳುತ್ತದೆ.

ಆ ವಿದ್ಯಾರ್ಥಿ ಕಿರುಪ್ರಬಂಧದಲ್ಲಿ ‘ಭಂಗಿಯ’ ಎಂಬುದನ್ನು ಹಾಗೆಯೇ ಉಳಿಸಿ, ‘ಭಂಗವೆಂಬ ಸಸ್ಯದ ನಾರಿನ ಬಟ್ಟೆ, ಸಸ್ಯದ ಗುರುತಿನಲ್ಲಿ ಟೀಕಾಕಾರರಿಗೆ ಒಮ್ಮತವಿಲ್ಲ’ ಎಂದು ಬರೆದ. ಒಪ್ಪಿಸಲು ಬಂದ ದಿನ ಊರಿನಿಂದ ಒಂದು ಕಟ್ಟು ಪುಂಡಿಯನ್ನೂ ತಂದಿದ್ದ. ಮರುದಿನ ತರಗತಿಯಲ್ಲಿ ಅದರ ಒಂದು ಎಲೆಯನ್ನು ಎತ್ತಿ ತೋರಿಸಿ, ಹಿಂದೆ ಹೇಳಿದ್ದನ್ನು ತಿದ್ದಿ ಹೇಳಿದೆ.