ಪಹಣಿ ಬದಲಾದರೆ ನಿಮಗೆ ಹೇಳೋರು ಯಾರು?

ಇವತ್ತಿನ ಸಂಚಿಕೆಯಲ್ಲಿ ಒಂದು ಕಾಗದದ ಕಥೆ ಹೇಳ್ತೀನಿ. ಆ ಕಾಗದದ ಹೆಸರು ಪಹಣಿ. ಕಚೇರಿ ಭಾಷೆಯಲ್ಲಿ ಆರ್‌ಟಿಸಿ. ನೀವು ಧಾರವಾಡ, ವಿಜಯಪುರದ ಕಡೆಯವರಾದರೆ ಮನೆಯಲ್ಲಿ ಇದನ್ನೇ ಉತಾರ ಅಂತಾರೆ. ಹೊಲ ಇರೋ ಪ್ರತಿ ಮನೆಯಲ್ಲೂ ಟ್ರಂಕಿನ ಒಳಗೋ, ದೇವರ ಪಟದ ಹಿಂದೋ ಇದರ ಒಂದು ಪ್ರತಿ ಇದ್ದೇ ಇರುತ್ತೆ.

ಅದಕ್ಕೂ ಮೊದಲು ಒಂದು ಸಣ್ಣ ಕೆಲಸ. ನಿಮ್ಮ ಫೋನಲ್ಲಿರೋ ಯಾವುದಾದರೂ ಫೋಟೋ ತೆರೆದು ಅದರ ವಿವರ ನೋಡಿ. ಯಾವಾಗ ತೆಗೆದದ್ದು, ಯಾವ ಫೋನಿಂದ ತೆಗೆದದ್ದು, ಕೆಲವೊಮ್ಮೆ ಯಾವ ಊರಲ್ಲಿ ಅನ್ನೋದೂ ಇರುತ್ತೆ. ಫೋಟೋದಲ್ಲಿ ಕಾಣೋದು ಬೇರೆ, ಫೋಟೋದ ಬಗ್ಗೆ ಇರೋ ಈ ಮಾಹಿತಿ ಬೇರೆ. ಇದಕ್ಕೆ ಮೆಟಾಡೇಟಾ ಅಂತಾರೆ. ಹಾಗೇ ನಾಲ್ಕು ಜನ ಸೇರಿ ಒಂದು ಗೂಗಲ್ ಡಾಕ್ ಬರೀತಾ ಇದ್ದರೆ, ಯಾರು ಯಾವಾಗ ಏನು ತಿದ್ದಿದರು ಅನ್ನೋದು ಅಲ್ಲೇ ಉಳಿಯುತ್ತೆ. ಬೇಕಿದ್ದರೆ ನಿಮಗೊಂದು ನೋಟಿಫಿಕೇಷನ್ನೂ ಬರುತ್ತೆ.

ಕಡತದ ಬಗ್ಗೆ ಏನೇನು ಗೊತ್ತಿರಬೇಕು? ಅದು ಬದಲಾದಾಗ ಯಾರಿಗೆ ಹೇಳಬೇಕು? ಇವು ಸಾಫ್ಟ್‌ವೇರ್ ಬಂದ ಮೇಲೆ ಹುಟ್ಟಿದ ಪ್ರಶ್ನೆಗಳಲ್ಲ. ನಮ್ಮ ಹೊಲಗಳ ಲೆಕ್ಕ ಇಟ್ಟವರು ಇವೇ ಪ್ರಶ್ನೆಗಳ ಜೊತೆ ನೂರಾರು ವರ್ಷ ಗುದ್ದಾಡಿದ್ದಾರೆ. ಅದರಲ್ಲಿ ಎರಡನೇ ಪ್ರಶ್ನೆಗೆ ಇವತ್ತಿಗೂ ಪೂರ್ತಿ ಉತ್ತರ ಸಿಕ್ಕಿಲ್ಲ.

ಕಲ್ಲಿನಿಂದ ಶುರು ಮಾಡೋಣ. ನಮ್ಮ ಊರುಗಳಲ್ಲಿ ನಿಂತಿರೋ ದಾನಶಾಸನಗಳನ್ನು ಒಮ್ಮೆ ಓದಿ ನೋಡಿ. ಶಕವರ್ಷ, ಸಂವತ್ಸರ, ತಿಂಗಳು, ತಿಥಿ, ವಾರ. ಆಮೇಲೆ ಆಳುತ್ತಿದ್ದವನು ಯಾರು, ಕೊಟ್ಟವನು ಯಾರು, ಪಡೆದವನು ಯಾರು. ಭೂಮಿಗೆ ನಾಲ್ಕು ದಿಕ್ಕಿನ ಎಲ್ಲೆ. ಎಷ್ಟೋ ಶಾಸನಗಳಲ್ಲಿ ಸಾಕ್ಷಿಗಳ ಹೆಸರು, ಬರೆದವನ ಹೆಸರು, ಕೆತ್ತಿದವನ ಹೆಸರೂ ಇರುತ್ತೆ. ಇದಕ್ಕಿಂತ ಅಚ್ಚುಕಟ್ಟಾದ ಮೆಟಾಡೇಟಾ ಬೇಕಾ? ಕಲ್ಲು ನಿಲ್ಲಿಸ್ತಾ ಇದ್ದದ್ದು ದೇವಸ್ಥಾನದ ಮುಂದೆ, ಕೆರೆ ಏರಿ ಮೇಲೆ, ಜನ ಓಡಾಡೋ ಕಡೆ. ಯಾರಾದರೂ ಉಳಿ ಹಿಡಿದು ತಿದ್ದೋಕೆ ಹೋದರೆ ಊರಿಗೆಲ್ಲ ಸದ್ದು ಕೇಳ್ತಿತ್ತು.

ಆದ್ರೆ ದಿನನಿತ್ಯದ ಲೆಕ್ಕ ಕಲ್ಲಲ್ಲಿ ಬರೆಯೋಕಾಗಲ್ಲ. ಅದಕ್ಕೆ ಇದ್ದದ್ದು ಕಡತ. ಈಗ ನಾವು ಫೈಲಿಗೆ ಬಳಸೋ ಕಡತ ಅನ್ನೋ ಪದ ಮೊದಲು ಒಂದು ವಸ್ತುವಿನ ಹೆಸರಾಗಿತ್ತು. ಉದ್ದನೆಯ ಬಟ್ಟೆಗೆ ಹುಣಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕಪ್ಪು ಪುಸ್ತಕ ಅದು. ಬರೀತಾ ಇದ್ದದ್ದು ಬಳಪದ ಕಡ್ಡಿಯಿಂದ. ಮೈಸೂರಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ತಮ್ಮ ದಕ್ಷಿಣ ಭಾರತದ ಇತಿಹಾಸದಲ್ಲಿ ಇದನ್ನು ವರ್ಣಿಸಿದ್ದಾರೆ. ಅದರ ಮೊದಲ ಸಂಪುಟ ಬಂದದ್ದು 1810ರಲ್ಲಿ.

ಕಡತದ ಗುಣ ಏನಪ್ಪಾ ಅಂದ್ರೆ, ಸ್ಲೇಟಿನ ಹಾಗೆ ಅಳಿಸಿ ಮತ್ತೆ ಬರೀಬಹುದು. ಅನುಕೂಲವೂ ಅದೇ, ಅಪಾಯವೂ ಅದೇ. ಹೊಸ ಹೆಸರು ಬರೆದ ಕ್ಷಣ ಹಳೇ ಹೆಸರು ಮಾಯ. ಯಾರು ಅಳಿಸಿದ್ದು, ಯಾವತ್ತು, ಯಾಕೆ ಅನ್ನೋದು ಎಲ್ಲೂ ಇರಲ್ಲ. ಅದು ಇದ್ದದ್ದು ಶಾನುಭೋಗರ ತಲೆಯಲ್ಲಿ ಮಾತ್ರ. ಉತ್ತರದ ಕಡೆ ಇವರೇ ಕುಲಕರ್ಣಿ. ಹುದ್ದೆ ಅಪ್ಪನಿಂದ ಮಗನಿಗೆ ಬರ್ತಿತ್ತು. ಯಾವ ಹೊಲ ಯಾರದ್ದು, ಯಾರ ಮಗಳನ್ನು ಯಾವ ಊರಿಗೆ ಕೊಟ್ಟಿದೆ, ಅಣ್ಣತಮ್ಮಂದಿರಲ್ಲಿ ಯಾರು ಮುನಿಸಿಕೊಂಡು ಊರು ಬಿಟ್ಟಿದ್ದಾರೆ, ಎಲ್ಲ ಅವರಿಗೆ ಗೊತ್ತು. ಅವರನ್ನು ಎದುರು ಹಾಕಿಕೊಂಡು ಊರಲ್ಲಿ ಬದುಕೋದು ಕಷ್ಟವಿತ್ತು. ಈ ಮಾತನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

19ನೇ ಶತಮಾನದಲ್ಲಿ ಅಳತೆ ಬಂತು. ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ, ಮುಂಬಯಿ ಪ್ರಾಂತ್ಯದ ಮಾದರಿಯಲ್ಲಿ, ಸರ್ವೆ ಶುರುವಾಯ್ತು. ಸರಪಳಿ ಹಿಡಿದು ಹೊಲ ಹೊಲ ಅಳೆದು ಸರ್ವೆ ನಂಬರ್ ಕೊಟ್ಟರು. ಈಗಲೂ ಜಮೀನು ತಕರಾರು ಅಂದ ಕೂಡಲೇ ಟಿಪ್ಪಣಿ, ಆಕಾರ್‌ಬಂದ್ ಅಂತ ಕೇಳ್ತಾರಲ್ಲ, ಅವೆಲ್ಲ ಸರ್ವೆಯ ದಾಖಲೆಗಳು. ಹೊಲಕ್ಕೊಂದು ಸ್ಥಿರವಾದ ಗುರುತು ಸಿಕ್ಕಿತು. ಒಡೆಯ ಬದಲಾದರೂ ನಂಬರ್ ಬದಲಾಗಲ್ಲ.

ಇನ್ನು ಉಳಿದದ್ದು ಬದಲಾವಣೆಯ ಲೆಕ್ಕ. ಈ ವಿಷಯದಲ್ಲಿ ಮುಂಬಯಿ ಪ್ರಾಂತ್ಯ 1903ರಲ್ಲಿ ಹಕ್ಕುದಾಖಲೆಗೆ ಅಂತಲೇ ಒಂದು ಕಾಯ್ದೆ ತಂತು. ಆಗ ಧಾರವಾಡ, ಬೆಳಗಾವಿ, ಬಿಜಾಪುರ ಆ ಪ್ರಾಂತ್ಯದಲ್ಲೇ ಇದ್ದವು. 1956ರಲ್ಲಿ ರಾಜ್ಯ ಒಂದಾದಾಗ ಒಂದೊಂದು ಭಾಗದಲ್ಲಿ ಒಂದೊಂದು ಕಂದಾಯ ಕಾನೂನು. 1961ರ ಕಾಯ್ದೆ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನ ರದ್ದು ಮಾಡಿತು. ಶಾನುಭೋಗರ ಜಾಗಕ್ಕೆ ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಆಮೇಲೆ ಬಂದದ್ದು 1964ರ ಭೂ ಕಂದಾಯ ಕಾಯ್ದೆ, ಇಡೀ ರಾಜ್ಯಕ್ಕೆ ಒಂದೇ.

ಆ ಕಾಯ್ದೆಯ 129ನೇ ಸೆಕ್ಷನ್ ನನಗೆ ತುಂಬಾ ಇಷ್ಟ. ಹಕ್ಕು ಬದಲಾಗಿದೆ ಅಂತ ಯಾರಾದರೂ ವರದಿ ಕೊಟ್ಟರೆ, ಅಧಿಕಾರಿ ಅದನ್ನ ಮೊದಲು ಮ್ಯುಟೇಷನ್ ರಿಜಿಸ್ಟರಿನಲ್ಲಿ, ಅಂದ್ರೆ ಎಂ.ಆರ್.ನಲ್ಲಿ ಬರೀಬೇಕು. ಅದರ ಪೂರ್ತಿ ನಕಲನ್ನ ಚಾವಡಿಯಲ್ಲಿ ಎಲ್ಲರಿಗೂ ಕಾಣೋ ಹಾಗೆ ಅಂಟಿಸಬೇಕು. ಆ ಬದಲಾವಣೆಯಲ್ಲಿ ಹಿತಾಸಕ್ತಿ ಇದೆ ಅಂತ ದಾಖಲೆಯಿಂದ ಕಾಣೋ ಎಲ್ಲರಿಗೂ ಲಿಖಿತವಾಗಿ ತಿಳಿಸಬೇಕು. ಅಷ್ಟೇ ಅಲ್ಲ, ದಾಖಲೆಯಲ್ಲಿ ಹೆಸರಿಲ್ಲದಿದ್ದರೂ ಸಂಬಂಧ ಇದೆ ಅಂತ ಅಧಿಕಾರಿಗೆ ಅನ್ನಿಸಿದವರಿಗೂ ತಿಳಿಸಬೇಕು. ಯಾರಾದರೂ ತಕರಾರು ಎತ್ತಿದರೆ ಅದು ವಿವಾದದ ಪ್ರಕರಣಗಳ ಬೇರೆ ರಿಜಿಸ್ಟರಿಗೆ ಹೋಗುತ್ತೆ.

ಅಂದ್ರೆ ಗೂಗಲ್ ಡಾಕ್ಸ್‌ನ ಇತಿಹಾಸ, ನೋಟಿಫಿಕೇಷನ್, ಕಾಮೆಂಟು, ಮೂರೂ ಇಲ್ಲೇ ಇವೆ. 1964ರಲ್ಲಿ, ಕಾಗದದ ಮೇಲೆ.

ಈಗ ಪಹಣಿಯನ್ನೇ ಕೈಗೆ ತಗೊಳ್ಳಿ. 9ನೇ ಕಾಲಂನಲ್ಲಿ ಯಾರ ಹೆಸರಲ್ಲಿದೆ ಅನ್ನೋದು. ಎಲ್ಲರೂ ನೋಡೋದು ಅದೊಂದನ್ನೇ. ಪಕ್ಕದ 10ನೇ ಕಾಲಂ ನೋಡಿ. ಆ ಹೆಸರು ಹೇಗೆ ಬಂತು ಅನ್ನೋದಕ್ಕೆ ಅಲ್ಲಿ ಎಂ.ಆರ್. ನಂಬರ್ ಇರುತ್ತೆ. ಕ್ರಯವಾ, ವಿಭಾಗವಾ, ಪೌತಿಯಾ, ಅಂದ್ರೆ ಹಿರಿಯರು ತೀರಿಕೊಂಡು ವಾರಸುದಾರರಿಗೆ ಬಂದದ್ದಾ, ಆ ನಂಬರ್ ಹಿಡಿದು ಹೋದರೆ ಗೊತ್ತಾಗುತ್ತೆ. 11ರಲ್ಲಿ ಸಾಲ, ಇತರೆ ಹಕ್ಕುಗಳು. 12ರಲ್ಲಿ ಸಾಗುವಳಿ ಮಾಡ್ತಾ ಇರೋರು, ಬೆಳೆ.

ಈ 12ನೇ ಕಾಲಂ ಎಷ್ಟು ಭಾರದ್ದು ಅನ್ನೋದು 1974ರಲ್ಲಿ ಗೊತ್ತಾಯ್ತು. ದೇವರಾಜ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ ಆ ವರ್ಷ ಮಾರ್ಚ್ 1ರಿಂದ ಜಾರಿಗೆ ಬಂತು. ಉಳುತ್ತಿದ್ದ ಗೇಣಿದಾರರು ಫಾರಂ 7 ತುಂಬಿ ಭೂನ್ಯಾಯ ಮಂಡಳಿಗೆ ಹೋದರು. ಅಲ್ಲಿ ಮೊದಲು ತೆಗೀತಾ ಇದ್ದದ್ದೇ ಪಹಣಿ. ಯಾಕಂದ್ರೆ ಅದೇ 1964ರ ಕಾಯ್ದೆಯ 133ನೇ ಸೆಕ್ಷನ್ ಪ್ರಕಾರ, ತಪ್ಪು ಅಂತ ಸಾಬೀತಾಗೋವರೆಗೆ ದಾಖಲೆಯಲ್ಲಿರೋದು ನಿಜ. ಹೆಸರಿದ್ದವನಿಗೆ ದಾರಿ ಸಲೀಸು. ತಲೆತಲಾಂತರದಿಂದ ಉತ್ತಿದ್ದರೂ ಹೆಸರು ಬರೆಸದೇ ಇದ್ದವನು ಸಾಕ್ಷಿ ಹುಡುಕಿಕೊಂಡು ಅಲೀಬೇಕು.

ಕಾನೂನು ಚೆನ್ನಾಗೇ ಇತ್ತು. ಆದರೆ ಪುಸ್ತಕ ಇದ್ದದ್ದು ಗ್ರಾಮ ಲೆಕ್ಕಿಗರ ಕೈಯಲ್ಲಿ. ರಾಜ್ಯದಲ್ಲಿ ಸುಮಾರು 9,000 ಜನ ಲೆಕ್ಕಿಗರು, ಒಬ್ಬೊಬ್ಬರಿಗೆ ಮೂರು ನಾಲ್ಕು ಊರು. ಒಂದು ಪಹಣಿ ನಕಲಿಗೆ ಅವರನ್ನ ಹುಡುಕಿಕೊಂಡು ಹೋಗಬೇಕು, ಸಿಕ್ಕಾಗ ಕೈ ಬೆಚ್ಚಗೆ ಮಾಡಬೇಕು. ಯಾರ ಅರ್ಜಿ ಮೇಲೆ, ಯಾರದ್ದು ಕೆಳಗೆ ಅನ್ನೋದೂ ಅವರಿಗೆ ಬಿಟ್ಟದ್ದು.

ಕಂಪ್ಯೂಟರೀಕರಣದ ಮೊದಲ ಪ್ರಯತ್ನ ಕೇಂದ್ರದ ಯೋಜನೆಯಡಿ ಗುಲ್ಬರ್ಗ ಜಿಲ್ಲೆಯಲ್ಲಿ 1991ರ ಹೊತ್ತಿಗೆ ಆಯ್ತು. ಆ ಕಾಲದ ಪ್ರಯತ್ನಗಳು ಯಾಕೆ ಸೋತವು ಅನ್ನೋದು ಇವತ್ತು ಸಾಫ್ಟ್‌ವೇರ್ ಕಲಿಯೋ ಪ್ರತಿಯೊಬ್ಬರೂ ತಿಳಿಯಬೇಕಾದ ಪಾಠ. ಡೇಟಾ ಏನೋ ತುಂಬಿಸಿದರು. ಆದರೆ ಬದಲಾವಣೆಗಳು ಕೈಬರಹದ ಪುಸ್ತಕದಲ್ಲೇ ನಡೀತಾ ಹೋದವು. ಕಂಪ್ಯೂಟರಿನಲ್ಲಿದ್ದದ್ದು ತುಂಬಿಸಿದ ದಿನದಿಂದಲೇ ಹಳತಾಗ್ತಾ ಹೋಯ್ತು.

ಭೂಮಿ ಯೋಜನೆ ಇದನ್ನ ಸರಿಯಾಗಿ ಅರ್ಥ ಮಾಡಿಕೊಂಡಿತು. ಕಂದಾಯ ಇಲಾಖೆಯಲ್ಲಿದ್ದ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಇದರ ಹಿಂದಿದ್ದರು. ತಂತ್ರಾಂಶ ಬರೆದದ್ದು ಎನ್‌ಐಸಿ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಪ್ರಯೋಗ ಆಯ್ತು. ಆಮೇಲೆ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಏರಿದವು. 2002ರ ಹೊತ್ತಿಗೆ ಕೈಬರಹದ ಪಹಣಿಗೆ ಬೆಲೆಯೇ ಇಲ್ಲ ಅಂತಾಯ್ತು. ದೊಡ್ಡ ಹೆಜ್ಜೆ ಅದೇ. ಎರಡು ಪುಸ್ತಕ ಇಟ್ಟರೆ ಸುಳ್ಳಿಗೆ ಜಾಗ ಸಿಗುತ್ತೆ, ಒಂದನ್ನ ಮುಚ್ಚಿದರು.

ಆಗ ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಸಿಗ್ತಿತ್ತು. ರೈತರಿಗೂ ಕಾಣೋ ಹಾಗೆ ಇನ್ನೊಂದು ಪರದೆ. ಒಳಗೆ ಕೂತವರು ಬೆರಳಚ್ಚು ಕೊಟ್ಟೇ ಲಾಗಿನ್ ಆಗಬೇಕು, ಹಾಗಾಗಿ ಯಾರು ತಿದ್ದಿದರು ಅನ್ನೋದಕ್ಕೆ ಗುರುತು ಉಳೀತು. ಮೊದಲು ಬಂದ ಅರ್ಜಿಗೇ ಮೊದಲ ಸರದಿ. ಮ್ಯುಟೇಷನ್ ಅರ್ಜಿ ಬಿದ್ದರೆ ನೋಟಿಸನ್ನ ಕಂಪ್ಯೂಟರೇ ಮುದ್ರಿಸುತ್ತೆ. 30 ದಿನ ಕಾಯೋದು, ತಕರಾರು ಬರದಿದ್ದರೆ ಕಂದಾಯ ನಿರೀಕ್ಷಕರ ಆದೇಶ, ಆಮೇಲೆ ಹೊಸ ಪಹಣಿ.

ಕಡತದಲ್ಲಿ ಅಳಿಸಿದ ಗುರುತು ಸಿಗ್ತಿರಲಿಲ್ಲ ಅಂದೆನಲ್ಲ, ಆ ರೋಗಕ್ಕೆ ಮದ್ದು ಸಿಕ್ಕಿತು. ಆದರೆ ನೋಟಿಸ್ ಯಾರಿಗೆ ಹೋಗುತ್ತೆ? ಪಟ್ಟಿಯಲ್ಲಿ ಇರೋರಿಗೆ.

ನಾನು ನಮ್ಮ ಮನೆಯ ಒಂದು ಹಳೇ ಎಂ.ಆರ್. ಪ್ರತಿ ತೆಗೆಸಿ ನೋಡಿದೆ. ತಾತ ತೀರಿಕೊಂಡ ಮೇಲೆ ಮೂವರು ಗಂಡುಮಕ್ಕಳ ಹೆಸರಿಗೆ ಪೌತಿ ಖಾತೆ ಆಗಿದೆ. ನನ್ನ ಇಬ್ಬರು ಅತ್ತೆಯರ ಹೆಸರು ಎಲ್ಲೂ ಇಲ್ಲ. ಅರ್ಜಿಗೆ ಹಚ್ಚಿದ್ದ ವಂಶವೃಕ್ಷದಲ್ಲೇ ಇರಲಿಲ್ಲ, ಹಾಗಾಗಿ ನೋಟಿಸೂ ಹೋಗಿಲ್ಲ. ದೊಡ್ಡತ್ತೆಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಕೇಳಿದ್ರೆ ನಾನೇ ಬಿಟ್ಟುಕೊಡ್ತಿದ್ದೆನೇನೋ ಮಗಾ. ಆದ್ರೆ ಕೇಳಬೇಕಿತ್ತು," ಅಂದ್ರು. ಅಷ್ಟೇ ಅಂದದ್ದು.

ಹಿಂದೂ ಉತ್ತರಾಧಿಕಾರ ಕಾನೂನಿಗೆ ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದು, ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಂತೆ ಪಾಲು ಕೊಟ್ಟಿತು. ಅದಕ್ಕೂ ಮುಂಚೆ ಮದುವೆಯಾದವರು ಮಾತ್ರ ಹೊರಗುಳಿದರು. ಇಡೀ ದೇಶಕ್ಕೆ ಅಂತ ಮಗಳಿಗೆ ಸಮಪಾಲು ಬಂದದ್ದು 2005ರಲ್ಲಿ. ಹಕ್ಕು ಕಾಗದದ ಮೇಲಿದೆ. ಆದರೆ ಹೊಲ ಕೈ ಬದಲಾಗ್ತಾ ಇದೆ ಅನ್ನೋದೇ ಗೊತ್ತಾಗದಿದ್ದರೆ ಆ ಹಕ್ಕನ್ನ ಕೇಳೋದು ಹೇಗೆ?

ಇಲ್ಲಿ ಶಾನುಭೋಗರ ಮಾತು ಮತ್ತೆ ಬರುತ್ತೆ. ಅವರಿಗೆ ಮನಸ್ಸಿತ್ತೋ ಇಲ್ಲವೋ, ಈ ಮನೆಗೆ ಇಬ್ಬರು ಹೆಣ್ಣುಮಕ್ಕಳು ಅನ್ನೋದಂತೂ ಗೊತ್ತಿತ್ತು. ತಾಲ್ಲೂಕಿನ ಕಂಪ್ಯೂಟರಿಗೆ ಅದು ಗೊತ್ತಿಲ್ಲ. ಬರೆದಷ್ಟೇ ಅದಕ್ಕೆ ಲೋಕ. ದಾಖಲೆಯನ್ನ ಊರಿಂದ ತಾಲ್ಲೂಕಿಗೆ ಒಯ್ದಾಗ ಬಲಾಢ್ಯರಿಗೇ ಅನುಕೂಲ ಹೆಚ್ಚಾಯ್ತು ಅಂತ ಸಾಲೊಮನ್ ಬೆಂಜಮಿನ್ ಮತ್ತು ಜೊತೆಗಾರರು 2007ರಲ್ಲೇ ಭೂಮಿ ಯೋಜನೆಯನ್ನ ಟೀಕಿಸಿದ್ದರು. ಹಾಗಂತ ಹಳೇ ಕಾಲಕ್ಕೆ ಹೋಗೋಣ ಅಂತ ನಾನು ಹೇಳ್ತಿಲ್ಲ. ಲಂಚ ಕೊಟ್ಟು ಬೇಸತ್ತವರನ್ನ ಕೇಳಿದರೆ ಭೂಮಿ ಎಷ್ಟು ದೊಡ್ಡ ಉಪಕಾರ ಮಾಡಿದೆ ಅಂತ ಹೇಳ್ತಾರೆ. ನಾನು ಹೇಳ್ತಾ ಇರೋದು ಇಷ್ಟೇ: ತಿದ್ದಿದವನ ಬೆರಳಚ್ಚು ಹಿಡಿಯೋದನ್ನ ನಾವು ಕಲಿತೆವು. ತಿದ್ದಿದರೆ ಯಾರ ಹೊಟ್ಟೆ ಮೇಲೆ ಹೊಡೆತ ಬೀಳುತ್ತೋ ಅವರನ್ನ ಹುಡುಕಿ ಹೇಳೋದನ್ನ ಇನ್ನೂ ಕಲಿತಿಲ್ಲ.

ಇದು ಹೆಣ್ಣುಮಕ್ಕಳ ಸಮಸ್ಯೆ ಮಾತ್ರ ಅಲ್ಲ. ನಕಲು ಅಂಟಿಸೋದು ಊರಿನ ಚಾವಡಿಯಲ್ಲಿ. ನೀವು ಇರೋದು ಬೆಂಗಳೂರಿನ ಪಿಜಿಯಲ್ಲೋ, ಪುಣೆಯಲ್ಲೋ. ಜೊತೆಗೆ 2023ರಲ್ಲಿ, ನೋಂದಣಿಯಾದ ಕ್ರಯದಂಥ ಪ್ರಕರಣಗಳಲ್ಲಿ ತಕರಾರಿನ ಅವಧಿಯನ್ನ 7 ದಿನಕ್ಕೆ ಇಳಿಸಿದರು. ಕೆಲಸ ಬೇಗ ಆಗುತ್ತೆ, ಒಳ್ಳೇದೇ. ಆದರೆ ದಿನ ಕಡಿಮೆಯಾದಷ್ಟೂ ಸುದ್ದಿ ಬೇಗ ಮುಟ್ಟಬೇಕು. ಈಗ ಪಹಣಿಗೆ ಆಧಾರ್ ಜೋಡಿಸ್ತಾ ಇದ್ದಾರೆ. ಎಷ್ಟೋ ಪಹಣಿಗಳು ತೀರಿಕೊಂಡವರ ಹೆಸರಲ್ಲೇ ಇವೆ, ಪೌತಿ ಖಾತೆ ಮಾಡಿಸಿಕೊಳ್ಳಿ ಅಂತಲೂ ಹೇಳ್ತಾ ಇದ್ದಾರೆ. ಹೊಸ ವಂಶವೃಕ್ಷಗಳು ಬರೆಯಲ್ಪಡ್ತಾ ಇರೋ ಹೊತ್ತು ಇದು. ಒಂದು ಹೆಸರು ಈಗ ಬಿಟ್ಟುಹೋದರೆ ಮುಂದಿನ ಎಲ್ಲ ನೋಟಿಸುಗಳಿಂದಲೂ ಅದು ಬಿಟ್ಟುಹೋಗುತ್ತೆ.

ಕೊನೆಗೆ, ಈ ವಾರ ಮಾಡಬಹುದಾದ ಕೆಲಸ. ಮನೆಯವರನ್ನ ಕೇಳಿ ಊರು, ಹೋಬಳಿ, ಸರ್ವೆ ನಂಬರ್ ಬರೆದುಕೊಳ್ಳಿ. ಫೋನಲ್ಲೇ ಭೂಮಿ ಜಾಲತಾಣ ತೆರೆದು ಪಹಣಿ ನೋಡಿ. 9ನೇ ಕಾಲಂ ಜೊತೆ 10ನ್ನೂ ಓದಿ, ಆ ಎಂ.ಆರ್. ತೆಗೆದು ನೋಡಿ. ತಪ್ಪು ಆದೇಶ ಆಗಿದ್ದರೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹೋಗೋಕೆ 136ನೇ ಸೆಕ್ಷನ್ ದಾರಿ ಕೊಡುತ್ತೆ. ಅದಕ್ಕೂ ಗಡುವಿರುತ್ತೆ, ಹಾಗಾಗಿ ಬೇಗ ವಿಚಾರಿಸಿ. ಮನೆಯಲ್ಲಿ ವಂಶವೃಕ್ಷ ಬರೆಸೋಕೆ ಕೂತಾಗ ಪಕ್ಕದಲ್ಲಿ ನೀವೂ ಕೂತುಕೊಳ್ಳಿ. ಅಕ್ಕತಂಗಿಯರ, ಅತ್ತೆಯರ ಹೆಸರು ಬಂತಾ ಅಂತ ಕೇಳಿ. ಅವರು ಪಾಲು ತಗೊಳ್ತಾರೋ ಬಿಡ್ತಾರೋ ಅದು ಅವರ ಇಷ್ಟ. ಹೆಸರಂತೂ ಇರಲಿ.