ಟ್ರೌಟ್ ಮೀನಿಗೆ ಒಡೆಯರಾರು?

ಸ್ಕಾಟ್ಲೆಂಡಿನ ಹೆಸರಾಂತ ಕವಿ ನಾರ್ಮನ್ ಮೆಕೇಗ್ 1996ರ ಜನವರಿಯಲ್ಲಿ, ತಮ್ಮ 85ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅದಕ್ಕೆ ಕೆಲವು ತಿಂಗಳ ಮೊದಲು ಅವರು ಕಿರಿಯ ಲೇಖಕ ಆಂಡ್ರ್ಯೂ ಗ್ರೆಗ್ ಅವರಿಗೆ ಒಂದು ಕೆಲಸ ಹಚ್ಚಿದ್ದರು. ವಾಯವ್ಯ ಸ್ಕಾಟ್ಲೆಂಡಿನ ಆಸಿಂಟ್ ಸೀಮೆಯ ಬೆಟ್ಟಗಳ ನಡುವೆ ‘ಹಸಿರು ಕಣಿವೆಯ ಸರೋವರ’ ಎಂಬುದೊಂದಿದೆ. ಅಲ್ಲಿಗೆ ಹೋಗಿ ತಮ್ಮ ಪರವಾಗಿ ಒಂದು ಮೀನು ಹಿಡಿಯಬೇಕು ಎಂಬುದೇ ಆ ಕೆಲಸ. ತಮಾಷೆಯೆಂದರೆ ನಕ್ಷೆಯಲ್ಲಿ ಆ ಸರೋವರಕ್ಕೆ ಆ ಹೆಸರೇ ಇಲ್ಲ. ದಾರಿ ತಿಳಿಯಬೇಕಾದರೆ ಲಾಖಿನ್ವರ್ ಎಂಬ ಊರಿಗೆ ಹೋಗಿ ಅಲ್ಲಿನ ಒಬ್ಬರನ್ನು ವಿಚಾರಿಸಬೇಕು. ಬಂದವರು ಮೆಚ್ಚುಗೆಯಾದರೆ ಅವರು ಹೇಳಿಯಾರು. ಕವಿ ತೀರಿಕೊಂಡ ಮೇಲೆ ಗ್ರೆಗ್ ಇಬ್ಬರು ಗೆಳೆಯರನ್ನು ಜೊತೆ ಮಾಡಿಕೊಂಡು ಬೆಟ್ಟ ಹತ್ತಿದರು. ಆ ಪ್ರವಾಸದ ಕಥೆ 2010ರಲ್ಲಿ ಪುಸ್ತಕವಾಗಿ ಹೊರಬಂತು.

ಒಂದು ಮೀನಿಗಾಗಿ ಇಷ್ಟೆಲ್ಲ ಪರಿಪಾಟಲೇ ಎಂದು ಯಾರಿಗಾದರೂ ಅನ್ನಿಸಬಹುದು. ಹೊಟ್ಟೆಪಾಡಿನ ಮೀನುಗಾರಿಕೆಗೂ ಇದಕ್ಕೂ ಸಂಬಂಧ ಕಡಿಮೆ. ಇದು ‘ಫ್ಲೈ ಫಿಶಿಂಗ್’, ಅಂದರೆ ನೊಣದ ಗಾಳ. ಎರೆಹುಳು ಸಿಕ್ಕಿಸಿದ ಗಾಳವಾದರೆ ತುದಿಯಲ್ಲಿ ಕಟ್ಟಿದ ಸೀಸದ ಭಾರವೇ ದಾರವನ್ನು ದೂರಕ್ಕೆ ಎಳೆದೊಯ್ಯುತ್ತದೆ. ನೊಣದ ಗಾಳದಲ್ಲಿ ಇದು ತಿರುವುಮುರುವು. ಕೊಕ್ಕೆಗೆ ರೇಷ್ಮೆ ನೂಲು, ಪ್ರಾಣಿಯ ರೋಮ, ಹಕ್ಕಿಯ ಗರಿ ಸುತ್ತಿ ಮಾಡಿದ ಹುಸಿ ನೊಣಕ್ಕೆ ತೂಕವೇ ಇಲ್ಲ, ಭಾರವಿರುವುದು ದಾರಕ್ಕೆ. ಕೋಲನ್ನು ಹಿಂದಕ್ಕೂ ಮುಂದಕ್ಕೂ ಬೀಸಿ, ಆ ದಾರ ಗಾಳಿಯಲ್ಲಿ ಸುರುಳಿ ಬಿಚ್ಚಿಕೊಳ್ಳುವಂತೆ ಮಾಡಿ, ನೊಣವನ್ನು ನೀರಿನ ಮೇಲೆ ಸದ್ದಾಗದಂತೆ ಇಳಿಸಬೇಕು. ಬೆನ್ನ ಹಿಂದೆ ಪೊದೆಯಿದ್ದರೆ ಗಾಳಕ್ಕೆ ಸಿಗುವುದು ಪೊದೆಯೇ. ಬಾಯಿ ಹಾಕಿದ ಮೀನಿಗೆ ಮೋಸ ತಿಳಿಯಲು ಅರೆಕ್ಷಣ ಸಾಕು. ಅಷ್ಟರೊಳಗೆ ಕೋಲು ಎತ್ತಬೇಕು.

ವಿದ್ಯೆ ಹಳೆಯದು. ಮೆಕೆಡೋನಿಯದ ಜನ ಕೆಂಪು ಉಣ್ಣೆ ಮತ್ತು ಹುಂಜದ ಗರಿ ಸುತ್ತಿದ ಕೊಕ್ಕೆಯಿಂದ ಮೀನು ಹಿಡಿಯುತ್ತಿದ್ದುದನ್ನು ರೋಮನ್ ಕಾಲದ ಲೇಖಕ ಈಲಿಯನ್ ಬರೆದಿಟ್ಟಿದ್ದಾನೆ. 1496ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾದ ಗಾಳದ ಗ್ರಂಥವೊಂದು 12 ಬಗೆಯ ನೊಣಗಳನ್ನು ಕಟ್ಟುವ ಕ್ರಮ ಹೇಳುತ್ತದೆ. ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಈ ಕಟ್ಟುವ ಕೆಲಸವೇ ಒಂದು ಕುಸುರಿ ಕಲೆಯಾಯಿತು. ಅದರಲ್ಲಿ ಪಶ್ಚಿಮ ಘಟ್ಟಕ್ಕೂ ಒಂದು ಪಾಲಿದೆ. ಮಲೆನಾಡಿನ ಬೂದು ಕಾಡುಕೋಳಿ ಹುಂಜದ ಕುತ್ತಿಗೆಯ ಗರಿಯಲ್ಲಿ ಮೇಣ ತೊಟ್ಟಿಕ್ಕಿದಂತೆ ಹೊಳೆಯುವ ಬಿಳಿ, ಹಳದಿ ಚುಕ್ಕೆಗಳಿರುತ್ತವೆ. ಕೊಕ್ಕೆಯ ಇಕ್ಕೆಲಕ್ಕೆ ಕಟ್ಟಿದರೆ ಮರಿಮೀನಿನ ಕಣ್ಣಿನಂತೆ ತೋರುವ ಈ ಗರಿಗೆ ಬ್ರಿಟನ್ನಿನಲ್ಲಿ ಭಾರೀ ಬೇಡಿಕೆಯಿತ್ತು. ಅದಕ್ಕಾಗಿ ಎಷ್ಟು ಕಾಡುಕೋಳಿಗಳ ಕುತ್ತಿಗೆ ಹೋಯಿತೋ! ಈಗ 1972ರ ವನ್ಯಜೀವಿ ಕಾಯ್ದೆ ಈ ಹಕ್ಕಿಗೆ ರಕ್ಷಣೆ ಕೊಟ್ಟಿದೆ. ಬ್ರಿಟನ್ನಿನ ನೊಣ ಕಟ್ಟುವವರು ಅಲ್ಲಿಯೇ ಸಾಕಿದ ಕೋಳಿಗಳ ಗರಿ ಬಳಸುತ್ತಾರೆ. ಗರಿ ಆ ಕಡೆ ಹೋದಂತೆ ಹವ್ಯಾಸ ಈ ಕಡೆ ಬಂತು. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಎಚ್. ಎಸ್. ಥಾಮಸ್ ಭಾರತದ ಗಾಳದ ಬೇಟೆ ಕುರಿತು ಬರೆದ ಪ್ರಸಿದ್ಧ ಪುಸ್ತಕ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. 1900ರಲ್ಲಿ ಸ್ಕಾಟ್ಲೆಂಡಿನ ಟ್ರೌಟ್ ಮೊಟ್ಟೆಗಳು ಹಡಗು ಹತ್ತಿ ಕಾಶ್ಮೀರ ಸೇರಿದವು.

ಗೆಳೆಯರ ಗುಂಪು ಕಟ್ಟಿಕೊಂಡು ಗಾಳಕ್ಕೆ ಹೋಗುವ ವಾಡಿಕೆಗೆ ಸ್ಕಾಟ್ಲೆಂಡಿನಲ್ಲಿ ಒಂದು ತೌರುಮನೆಯೇ ಇದೆ. ಅದು ದಕ್ಷಿಣದ ಗಡಿನಾಡಿನಲ್ಲಿ, ಸೇಂಟ್ ಮೇರೀಸ್ ಲಾಖ್ ಎಂಬ ಸರೋವರದ ದಂಡೆಯಲ್ಲಿದ್ದ ಟಿಬ್ಬಿ ಶೀಲ್ ಎಂಬಾಕೆಯ ಮನೆ. (‘ಲಾಖ್’ ಎಂದರೆ ಅಲ್ಲಿಯವರ ಮಾತಿನಲ್ಲಿ ಸರೋವರ.) ಟಿಬ್ಬಿಯ ಗಂಡ ಹೊಲ ಕೆಡಿಸುವ ಮೋಲ್ ಎಂಬ ಬಿಲಜೀವಿಯನ್ನು ಹಿಡಿದು ಬದುಕುತ್ತಿದ್ದವನು. 1820ರ ದಶಕದಲ್ಲಿ ಅವನು ಸತ್ತಾಗ ಮಕ್ಕಳನ್ನು ಸಾಕುವ ಹೊರೆ ಆಕೆಯ ಮೇಲೆ ಬಿತ್ತು. ಗಾಳ ಹಿಡಿದು ಬರುವವರಿಗೆ ಊಟ ಹಾಕಿ, ಮಲಗಲು ಜಾಗ ಕೊಟ್ಟು ಆಕೆ ಸಂಸಾರ ನಡೆಸಿದಳು. ಅಲ್ಲಿಗೆ ಬರುತ್ತಿದ್ದವರಾದರೂ ಎಂಥವರು! ಕುರಿ ಕಾಯುತ್ತಲೇ ಕವಿಯಾದ ಜೇಮ್ಸ್ ಹಾಗ್, ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ನೀತಿಶಾಸ್ತ್ರ ಹೇಳುತ್ತಿದ್ದ ಪ್ರೊಫೆಸರ್ ಜಾನ್ ವಿಲ್ಸನ್, ವಕೀಲಿ ಸನ್ನದು ಪಡೆದೂ ಕೋರ್ಟಿನ ಕಡೆ ತಲೆ ಹಾಕದ ಥಾಮಸ್ ಟಾಡ್ ಸ್ಟಾಡರ್ಟ್. ಈಗೇನು ಉದ್ಯೋಗ ಎಂದು ಹಳೆಯ ಸ್ನೇಹಿತರೊಬ್ಬರು ಕೇಳಿದಾಗ, ಉದ್ಯೋಗವೇ, ತಾನು ಗಾಳ ಹಾಕುವವನಲ್ಲವೇ ಎಂದು ಸ್ಟಾಡರ್ಟ್ ಬೆರಗಾದನಂತೆ. ಕುರುಬನೂ ಪ್ರೊಫೆಸರೂ ಒಂದೇ ಮೇಜಿನ ಸುತ್ತ ಕುಳಿತು ಹಿಡಿದ ಮೀನಿಗಿಂತ ತಪ್ಪಿಸಿಕೊಂಡ ಮೀನಿನ ಉದ್ದವನ್ನೇ ವರ್ಣಿಸುತ್ತಿದ್ದ ಆ ಮನೆ ಸಾಹಿತ್ಯ ಚರಿತ್ರೆಯಲ್ಲಿಯೂ ಸೇರಿತು. ಟಿಬ್ಬಿ 1878ರವರೆಗೆ ಬದುಕಿದ್ದಳು.

ಉತ್ತರದ ಕಥೆ ಬೇರೆ. ಆಸಿಂಟ್‌ನಲ್ಲಿ ನೆಲವೆಂದರೆ ಭೂಮಿಯ ಅತಿ ಹಳೆಯ ಕಲ್ಲುಗಳಲ್ಲೊಂದು. ಹಿಮಯುಗದ ನೀರ್ಗಲ್ಲು ಈ ಬಂಡೆಯನ್ನು ಕೆರೆದು ಹೋದಲ್ಲೆಲ್ಲ ತಗ್ಗು ಬಿದ್ದಿದೆ. ನೀರು ಇಂಗದ ಕಾರಣ ಪ್ರತಿ ತಗ್ಗೂ ಒಂದು ಲಾಖ್. ಸುತ್ತಲ ಜೌಗು ಮಣ್ಣಿನಿಂದಾಗಿ ನೀರು ಹಾಲಿಲ್ಲದ ಚಹಾದ ಬಣ್ಣ. ಹಿಮ ಕರಗಿದ ಮೇಲೆ ಸಮುದ್ರದಿಂದ ಹೊಳೆಗಳನ್ನೇರಿ ಬಂದ ಕಂದು ಟ್ರೌಟ್ ಇಲ್ಲಿ ನೆಲೆ ನಿಂತಿದೆ. ಹುಳಿ ನೀರಿನಲ್ಲಿ ಆಹಾರ ಕಡಿಮೆ, ಹಾಗಾಗಿ ಮೀನು ಸಾಮಾನ್ಯವಾಗಿ ಗೇಣುದ್ದ ಮೀರದು. ಸುಣ್ಣಕಲ್ಲಿನ ಮೇಲೆ ಹರಿದ ನೀರಾದರೆ ಮಾತ್ರ ಕೊಬ್ಬುತ್ತದೆ. ದೊಡ್ಡ ಲಾಖ್‌ಗಳಲ್ಲಿ ದೋಣಿಯನ್ನು ಗಾಳಿಗೆ ಅಡ್ಡಲಾಗಿ ತೇಲಲು ಬಿಟ್ಟು, ಇಬ್ಬರು ಗೆಳೆಯರು ಎರಡು ತುದಿಯಲ್ಲಿ ಕುಳಿತು, ಗಾಳಿ ಬೀಸುವ ದಿಕ್ಕಿಗೇ ನೊಣ ಎಸೆಯುತ್ತಾರೆ. ಮೇಲಿನ ಸಣ್ಣ ಕೊಳಗಳಿಗೆ ಮಳೆಯಲ್ಲಿ ನೆನೆದು, ಸಣ್ಣ ಕಚ್ಚುನೊಣಗಳ ಹಿಂಡಿಗೆ ಮೈಯೊಡ್ಡಿ, ನಡೆದೇ ಹೋಗಬೇಕು. ಎಡಿನ್‌ಬರೋದ ಶಾಲೆಯಲ್ಲಿ ಮೇಷ್ಟರಾಗಿದ್ದ ಮೆಕೇಗ್ ದಶಕಗಳ ಕಾಲ ಬೇಸಿಗೆ ರಜೆ ಬಂತೆಂದರೆ ಇಲ್ಲಿರುತ್ತಿದ್ದರು. ಆಸಿಂಟ್‌ನವರೇ ಆದ ಎ. ಕೆ. ಮೆಕ್ಲೌಡ್ ಅವರ ಆಪ್ತ ಗೆಳೆಯ. ಆತ ಸತ್ತಾಗ ಕವಿ ಬರೆದ ಶೋಕಗೀತೆಗಳು ಅವರ ಅತ್ಯುತ್ತಮ ರಚನೆಗಳಲ್ಲಿ ಸೇರುತ್ತವೆ.

ಕಣ್ಣು ಹಾಯಿಸಿದಷ್ಟು ದೂರ ಮನೆಯಿಲ್ಲದ ಈ ನಿರ್ಜನತೆಯೇ ಗಾಳದವರಿಗೆ ಪ್ರಿಯ. ಆದರೆ ಅದು ನಿಸರ್ಗ ಮಾತ್ರ ಮಾಡಿದ್ದಲ್ಲ. ಹತ್ತೊಂಬತ್ತನೆಯ ಶತಮಾನದ ಮೊದಲ ಎರಡು ದಶಕಗಳಲ್ಲಿ ಸದರ್‌ಲೆಂಡ್ ಜಹಗೀರಿನ ಒಡೆಯರು ಒಳನಾಡಿನ ಕಣಿವೆಗಳಿಂದ ಗೇಣಿ ರೈತರನ್ನು ಒಕ್ಕಲೆಬ್ಬಿಸಿದರು. ಕುರಿ ಸಾಕಣೆಯಿಂದ ಬರುವ ಗುತ್ತಿಗೆ ಹಣ ಬಡವರ ಗೇಣಿಗಿಂತ ಹೆಚ್ಚು ಎಂಬುದೇ ಕಾರಣ. ಮತ್ತೆ ಬಂದು ಸೇರದಂತೆ ಮನೆಗಳ ಚಾವಣಿ ಕೆಡವಿದರು, ಸುಟ್ಟರು. ಸ್ಟ್ರಾಥ್‌ನೇವರ್ ಕಣಿವೆಯ ಪ್ರಕರಣದಲ್ಲಿ ಕಾರಭಾರಿ ಪ್ಯಾಟ್ರಿಕ್ ಸೆಲ್ಲರ್ ಮೇಲೆ 1816ರಲ್ಲಿ ವಿಚಾರಣೆ ನಡೆದು, ಆತ ಖುಲಾಸೆಯಾದ. ಹೊರಬಿದ್ದವರಲ್ಲಿ ಕೆಲವರು ಕೆನಡಾ ಹಡಗು ಹತ್ತಿದರು; ಉಳಿದವರಿಗೆ ಕಡಲಂಚಿನ ಕಲ್ಲು ನೆಲದಲ್ಲಿ ತುಂಡು ಭೂಮಿ ಸಿಕ್ಕಿತು. ಈ ತುಂಡಿಗೆ ‘ಕ್ರಾಫ್ಟ್’, ಉಳುವವನಿಗೆ ‘ಕ್ರಾಫ್ಟರ್’ ಎಂದು ಹೆಸರು. ಮುಂದೆ ಕುರಿಯ ಲಾಭ ಇಳಿಯಿತು, ರೈಲು ಬಂತು. ಖಾಲಿಯಾದ ಬೆಟ್ಟಗಳು ಶ್ರೀಮಂತರ ಜಿಂಕೆ ಬೇಟೆಗೂ ಸಾಲ್ಮನ್ ಗಾಳಕ್ಕೂ ಮೀಸಲಾದವು. ಗೇಣಿ ಹಕ್ಕು ಭದ್ರವಾದದ್ದು 1886ರ ಕಾಯ್ದೆಯಿಂದ. ಆದರೆ ನೆಲದ ಒಡೆತನ ಬದಲಾಗಲಿಲ್ಲ.

ಹಾಗಾದರೆ ನೀರಿನಲ್ಲಿರುವ ಮೀನು ಯಾರದು? ಸ್ಕಾಟ್ಲೆಂಡಿನ ಕಾನೂನಿನ ಉತ್ತರ ವಿಚಿತ್ರವಾಗಿದೆ. ಕಾಡುಮೀನಿಗೆ ಒಡೆಯನೇ ಇಲ್ಲ, ಹಿಡಿದ ಮೇಲೆ ಹಿಡಿದವನದು. ಆದರೆ ಹಿಡಿಯುವ ಹಕ್ಕಿಗೆ ಒಡೆಯನಿದ್ದಾನೆ. ಸಾಲ್ಮನ್ ಹಿಡಿಯುವ ಹಕ್ಕು ಮೂಲತಃ ದೊರೆಯದು. ಅದನ್ನು ನೆಲದಿಂದ ಬೇರ್ಪಡಿಸಿ ಮಾರಬಹುದು. ಟ್ರೌಟ್ ಹಿಡಿಯುವ ಹಕ್ಕು ದಡದ ಭೂಮಾಲೀಕನದು. ಅಪ್ಪಣೆಯಿಲ್ಲದೆ ಟ್ರೌಟಿಗೆ ಗಾಳ ಹಾಕಿದರೆ ಬಹುಕಾಲ ಅದು ಅಪರಾಧವಾಗಿರದೆ ಬರಿಯ ಸಿವಿಲ್ ತಂಟೆಯಾಗಿತ್ತು. ಟ್ರೌಟ್ ಎಲ್ಲರದು ಎಂಬ ನಂಬಿಕೆ ಜನಸಾಮಾನ್ಯರಲ್ಲಿ ಬಲವಾಗಿ ಬೇರೂರಿದ್ದು ಅದರಿಂದಲೇ. 1976ರ ಕಾಯ್ದೆ ಗೊತ್ತುಪಡಿಸಿದ ನದಿಗಳಲ್ಲಿ ಅದನ್ನು ಅಪರಾಧವೆಂದು ಸಾರಿತು. ಪ್ರತಿಯಾಗಿ ಒಡೆಯರು ಹೆಚ್ಚು ಜನಕ್ಕೆ ಅವಕಾಶ ಕೊಡಬೇಕೆಂಬ ಷರತ್ತನ್ನೂ ಇಟ್ಟಿತು. ಸ್ಕಾಟ್ಲೆಂಡಿನ ಬಹುಪಾಲು ನೆಲ, ನೀರಿನ ದಡಗಳಲ್ಲಿ ಓಡಾಡಲು 2003ರ ಕಾಯ್ದೆ ಎಲ್ಲರಿಗೂ ಹಕ್ಕು ಕೊಟ್ಟಿದೆ. ಅದರಲ್ಲಿ ಗಾಳ ಹಾಕುವ ಹಕ್ಕು ಮಾತ್ರ ಸೇರಿಲ್ಲ. ದಡದವರೆಗೆ ನಡೆದುಹೋಗಬಹುದು, ಕೋಲು ಬಿಚ್ಚುವಂತಿಲ್ಲ.

ಈ ನಾಡನ್ನು ಕೊಂಡವನದೋ, ಅದನ್ನು ಪ್ರೀತಿಸಿದವನದೋ ಎಂಬ ಪ್ರಶ್ನೆಯನ್ನು ಮೆಕೇಗ್ 1960ರ ದಶಕದಲ್ಲೇ ಆಸಿಂಟ್ ಕುರಿತ ನೀಳ್ಗವಿತೆಯೊಂದರಲ್ಲಿ ಎತ್ತಿದ್ದರು. ಉತ್ತರ ಕವಿತೆಯ ಹೊರಗಿನಿಂದ ಬಂತು. 1989ರಲ್ಲಿ ಅಲ್ಲಿನ ನಾರ್ತ್ ಲಾಖಿನ್ವರ್ ಎಸ್ಟೇಟನ್ನು ಸ್ವೀಡನ್ನಿನ ಕಂಪನಿಯೊಂದು ಕೊಂಡಿತು. ಕೆಲವೇ ವರ್ಷಗಳಲ್ಲಿ ದಿವಾಳಿಯೆದ್ದಾಗ ಎಸ್ಟೇಟನ್ನು ಏಳು ತುಂಡು ಮಾಡಿ ಮಾರಾಟಕ್ಕಿಟ್ಟರು. ಕ್ರಾಫ್ಟರುಗಳ ಬದುಕಿನ ಪ್ರಶ್ನೆ ಅದು: ಯಾವ ತುಂಡು ಯಾವ ದೇಶದ ಯಾರ ಕೈಗೆ ಹೋಗುವುದೋ! 1992ರಲ್ಲಿ ಅವರು ಟ್ರಸ್ಟ್ ಕಟ್ಟಿದರು, ದೇಣಿಗೆ ಎತ್ತಿದರು. ಅವರ ಕೈಯಲ್ಲಿ ಇನ್ನೊಂದು ಅಸ್ತ್ರವೂ ಇತ್ತು. 1976ರ ಇನ್ನೊಂದು ಕಾಯ್ದೆಯ ಪ್ರಕಾರ ಕ್ರಾಫ್ಟರನು ವಾರ್ಷಿಕ ಗೇಣಿಯ 15 ಪಟ್ಟು ಕೊಟ್ಟು ತನ್ನ ತುಂಡನ್ನು ಕೊಂಡುಬಿಡಬಹುದು. ಎಲ್ಲರೂ ಹಾಗೆ ಮಾಡಿದರೆ ಎಸ್ಟೇಟನ್ನು ಕೊಂಡವನಿಗೆ ಉಳಿಯುವುದೇನು? ಹೊರಗಿನ ಗಿರಾಕಿಗಳು ಹಿಂದೆ ಸರಿಯಲು ಈ ಲೆಕ್ಕವೂ ಕಾರಣವಾಯಿತು. 1993ರ ಫೆಬ್ರವರಿಯಲ್ಲಿ ಸುಮಾರು 21,000 ಎಕರೆ ನೆಲ 3 ಲಕ್ಷ ಪೌಂಡಿಗೆ ಆಸಿಂಟ್ ಕ್ರಾಫ್ಟರ್ಸ್ ಟ್ರಸ್ಟಿನದಾಯಿತು. ಮುಂದೆ ಎಗ್ ದ್ವೀಪದವರು 1997ರಲ್ಲಿ, ಬಳಿಕ ಇನ್ನೂ ಹಲವು ಊರಿನವರು ಇದೇ ಹಾದಿ ಹಿಡಿದರು.

ನೆಲದೊಂದಿಗೆ ಅದರ ಮೇಲಿನ ಲೆಕ್ಕವಿಲ್ಲದಷ್ಟು ಲಾಖ್‌ಗಳೂ ಬಂದವು. ಅವುಗಳಲ್ಲಿ ಟ್ರೌಟ್ ಹಿಡಿಯಲು ಈಗಲೂ ಚೀಟಿ ಕೊಳ್ಳಬೇಕು. ಋತು ಮಾರ್ಚ್ 15ರಿಂದ ಅಕ್ಟೋಬರ್ 6ರವರೆಗೆ. ಎಡಿನ್‌ಬರೋ, ಗ್ಲಾಸ್ಗೋಗಳಿಂದ ಗೆಳೆಯರ ಗುಂಪುಗಳು ಕಾರಿಗೆ ಕೋಲು ಹೇರಿಕೊಂಡು ಬರುತ್ತವೆ. ಚೀಟಿಯ ಹಣ ಸೇರುವುದು ಒಂದು ಕಾಲಕ್ಕೆ ಕಣಿವೆಗಳಿಂದ ಎಬ್ಬಿಸಿ ಕಡಲಂಚಿಗೆ ತಳ್ಳಿದವರ ಊರುಗಳ ಟ್ರಸ್ಟಿಗೆ.